ಅಮಾವಾಸ್ಯೆಗೊಂದು ಸಭೆ: ನಮ್ಮ ತಾಲ್ಲೂಕಿನ ಇತಿಹಾಸ ಬಳಗ ಗಟ್ಟಿಯಾದ ಬಗೆ

ತಾಲ್ಲೂಕಿನ ವೀರಗಲ್ಲು, ಶಾಸನ, ಹಳೆಯ ಕಾಗದಗಳನ್ನು ಹುಡುಕಿ ಓದುವ ನಮ್ಮ ಸಂಘದ ತಿಂಗಳ ಸಭೆಯನ್ನು ಅಮಾವಾಸ್ಯೆಯ ದಿನ ಇಡೋಣ ಎಂದಾಗ ಕಾರ್ಯಕಾರಿ ಸಮಿತಿಯಲ್ಲಿ ನನ್ನ ಪರವಾಗಿ ಕೈ ಎತ್ತಿದವರು ಇಬ್ಬರೇ. ಹಿರಿಯ ಸದಸ್ಯರೊಬ್ಬರು ‘ಒಳ್ಳೆಯ ಕೆಲಸಕ್ಕೆ ಬೇರೆ ದಿನ ಸಿಗಲಿಲ್ಲವೇ’ ಎಂದು ಎದ್ದು ಹೋದರು. ಕಟ್ಟಡವಿಲ್ಲ, ಅಧ್ಯಕ್ಷರ ಕುರ್ಚಿಯಲ್ಲಿ ರಾಜಕಾರಣಿ ಇಲ್ಲ, ಸನ್ಮಾನವೂ ಇಲ್ಲ. ಇಂಥ ಸಂಘ ಎರಡು ಮಳೆಗಾಲ ದಾಟುವುದಿಲ್ಲ ಎಂದು ಬೇರೆ ಬಳಗಗಳ ಸ್ನೇಹಿತರು ಹೇಳಿದ್ದರು. ಏಳೆಂಟು ವರ್ಷಗಳಾದವು. ಸಭೆಗೆ ಇಪ್ಪತ್ತೈದು ಮೂವತ್ತು ಜನ ತಪ್ಪದೆ ಬರುತ್ತಾರೆ, ಸಾಲವಿಲ್ಲ, ಲೆಕ್ಕ ಬಾಕಿಯಿಲ್ಲ. ಹೇಗೆ ಎಂದು ಅದೇ ಸ್ನೇಹಿತರು ಈಗ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ. ನೋಂದಣಿ, ಬೈಲಾ, ಪಡಿಯಚ್ಚು (ಶಾಸನದ ಮೇಲೆ ಕಾಗದ ಒತ್ತಿ ತೆಗೆಯುವ ಅಚ್ಚು) ತೆಗೆಯುವ ಕ್ರಮ ಇವೆಲ್ಲ ಇಂಥ ಕೆಲಸದಲ್ಲಿರುವವರಿಗೆ ಗೊತ್ತಿರುವಂಥವು, ಅವನ್ನು ಬಿಡುತ್ತೇನೆ.

ಮೊದಲು ದುಡ್ಡು ಹೋದ ಕತೆ. ಶುರುವಿನಲ್ಲಿ ನಾವೂ ಎಲ್ಲರಂತೆ ತಾಲ್ಲೂಕು ಇತಿಹಾಸ ಸಮಾವೇಶ ಮಾಡಿದೆವು. ಕಲ್ಯಾಣ ಮಂಟಪ, ಊಟ, ಶಾಲು, ಹಾರ, ಫಲಕ, ಬ್ಯಾನರ್ ಸೇರಿ ಒಂದೂಕಾಲು ಲಕ್ಷದ ಹತ್ತಿರ ಖರ್ಚಾಯಿತು. ಕೊಡುತ್ತೇನೆಂದವರಲ್ಲಿ ಅರ್ಧದಷ್ಟು ಜನ ಕೊಡಲಿಲ್ಲ. ಸುಮಾರು ನಲವತ್ತು ಸಾವಿರ ಸಾಲ ನಿಂತಿತು. ಅದನ್ನು ತೀರಿಸಲು ನಾಲ್ಕೈದು ಜನ ಕೈಯಿಂದ ಹಾಕಿದೆವು. ಅಷ್ಟು ಮಾಡಿ ಒಂದು ವೀರಗಲ್ಲನ್ನೂ ಹೊಸದಾಗಿ ಓದಿರಲಿಲ್ಲ. ಮುಂದಿನ ವರ್ಷ ಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಸಂಗ್ರಹಾಲಯ ಮಾಡಲು ಹೋದೆವು. ಬಾಡಿಗೆ ತಿಂಗಳಿಗೆ ಎರಡೂವರೆ ಸಾವಿರ. ಹಳೆಯ ಕೊಳಗ, ಒನಕೆ, ಕಂಚಿನ ಪಾತ್ರೆ ಬಂದವು, ನೋಡುವವರು ಬರಲಿಲ್ಲ. ಮಲೆನಾಡಿನ ಮಳೆಗೆ ಗೋಡೆ ಒಸರಿ, ಇಟ್ಟಿದ್ದ ಕಾಗದಗಳಿಗೆ ಬೂಷ್ಟು ಹಿಡಿಯಿತು. ವಸ್ತುಗಳನ್ನೆಲ್ಲ ಕೊಟ್ಟವರ ಮನೆಗೇ ರಸೀದಿ ತೋರಿಸಿ ಹಿಂತಿರುಗಿಸಿದೆವು. ಆವತ್ತಿನಿಂದ ಸಂಘ ಯಾವ ಮೂಲ ವಸ್ತುವನ್ನೂ ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಳ್ಳುವುದು ಚಿತ್ರ ಮಾತ್ರ.

ಒಂದು ಇಲಾಖೆಯ ಅನುದಾನವನ್ನೂ ನೋಡಿದ್ದಾಯಿತು. ಮಂಜೂರಾದದ್ದು ಮಾರ್ಚ್ ಕೊನೆಯಲ್ಲಿ, ಹಣ ಬಂದದ್ದು ಮುಂದಿನ ಅಡಿಕೆ ಕೊಯ್ಲಿನ ಹೊತ್ತಿಗೆ. ಅದರ ಕಾಗದಪತ್ರಕ್ಕೆ ಓಡಾಡಿದ ಪೆಟ್ರೋಲ್ ಮತ್ತು ರಜೆಗಳನ್ನು ಲೆಕ್ಕ ಹಾಕಿದರೆ ಉಳಿದದ್ದು ಕಡಿಮೆ. ಮತ್ತೆ ಅರ್ಜಿ ಹಾಕಿಲ್ಲ.

ಆದರೆ ದುಡ್ಡಿಗಿಂತ ದೊಡ್ಡ ತೊಡಕು ಜನರ ಸಮಯ. ಭಾನುವಾರ ಸಭೆ ಇಟ್ಟರೆ ಮದುವೆ, ಗೃಹಪ್ರವೇಶ. ಎರಡನೆಯ ಶನಿವಾರ ಇಟ್ಟರೆ ಮೇಷ್ಟರುಗಳು ಬರುತ್ತಾರೆ, ತೋಟದವರು ಬರುವುದಿಲ್ಲ. ನಮ್ಮ ಕಡೆ ಅಮಾವಾಸ್ಯೆಯಂದು ಉಳುಮೆ ಇಲ್ಲ, ಗಾರೆ ಕೆಲಸದವರು, ಬಡಗಿಗಳು, ಟ್ರ್ಯಾಕ್ಟರ್‌ನವರು ಬಿಡುವಾಗಿರುತ್ತಾರೆ. ಮದುವೆ ಮುಂಜಿ ಅಂದು ಇರುವುದೇ ಇಲ್ಲ. ದಿನಾಂಕವನ್ನು ಯಾರಿಗೂ ನೆನಪಿಸಬೇಕಾಗಿಲ್ಲ, ಪ್ರತಿ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಅದು ಅಚ್ಚಾಗಿದೆ. ಎಲ್ಲಕ್ಕಿಂತ ಮುಖ್ಯವಾಗಿ ಅಂದು ರಾತ್ರಿ ಕತ್ತಲೆ. ಸವೆದ ಶಾಸನವನ್ನು ಓರೆಬೆಳಕಿನಲ್ಲಿ, ಅಂದರೆ ಪಕ್ಕದಿಂದ ಓರೆಯಾಗಿ ಬೀಳಿಸಿದ ಬೆಳಕಿನಲ್ಲಿ, ಓದಿದವರಿಗೆ ಇದರ ಬೆಲೆ ತಿಳಿದಿರುತ್ತದೆ. ಕಲ್ಲಿರುವ ಊರಿನಲ್ಲೇ ಸಂಜೆ ಐದಕ್ಕೆ ಸೇರುತ್ತೇವೆ, ನಗದು ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ, ಕಾಫಿ ಅವಲಕ್ಕಿ ಆಗುತ್ತದೆ, ಕತ್ತಲಾದ ಮೇಲೆ ಕಲ್ಲಿನ ಹತ್ತಿರ ಹೋಗುತ್ತೇವೆ. ಮಹಾಲಯ ಮತ್ತು ದೀಪಾವಳಿಯ ಅಮಾವಾಸ್ಯೆಗಳನ್ನು ಬಿಟ್ಟಿದ್ದೇವೆ.

ಮೊದಲ ವರ್ಷವೇ ಪೆಟ್ಟು ಬಿತ್ತು. ಅಮಾವಾಸ್ಯೆಯ ರಾತ್ರಿ, ಕೆರೆ ಏರಿಯ ಮೇಲೆ, ಟಾರ್ಚ್ ಹಿಡಿದ ಹತ್ತು ಹನ್ನೆರಡು ಜನ ವೀರಗಲ್ಲಿನ ಬುಡ ಕೆರೆಯುತ್ತಿದ್ದರೆ ಯಾರು ತಾನೇ ಏನೆಂದುಕೊಳ್ಳುತ್ತಾರೆ? ನಿಧಿಗಳ್ಳರು ಎಂದು ಊರವರು ಸುತ್ತುವರಿದರು. ಅವರ ಸಿಟ್ಟು ನ್ಯಾಯವಾದದ್ದೇ. ನಿಧಿಯ ಆಸೆಗೆ ಕಲ್ಲು ಒಡೆದವರು ನಮ್ಮ ಸೀಮೆಯಲ್ಲಿ ಕಡಿಮೆ ಇಲ್ಲ. ಅಂದು ಮಧ್ಯರಾತ್ರಿಯವರೆಗೆ ಠಾಣೆಯಲ್ಲಿ ಕುಳಿತೆವು. ಇಬ್ಬರು ಸದಸ್ಯರು ಬಿಟ್ಟೇ ಹೋದರು. ಆ ಮೇಲೆ ಕ್ರಮ ಬದಲಾಯಿತು. ಹದಿನೈದು ದಿನ ಮೊದಲೇ ಗ್ರಾಮ ಪಂಚಾಯಿತಿಗೆ ಮತ್ತು ಠಾಣೆಗೆ ಪತ್ರ, ಅದರ ಮೊಹರು ಬಿದ್ದ ಪ್ರತಿ ಜೇಬಿನಲ್ಲಿ. ಆ ಊರಿನ ಒಂದು ಮನೆಯವರು ಆತಿಥೇಯರಾಗಿರಲೇಬೇಕು, ಆ ಊರಿನ ಕನಿಷ್ಠ ಇಬ್ಬರು ಹೆಂಗಸರು ಸಭೆಯಲ್ಲಿರಬೇಕು. ನೆಲ ಅಗೆಯುವಂತಿಲ್ಲ, ಹಾರೆ ಗುದ್ದಲಿ ತರುವಂತಿಲ್ಲ. ಕಲ್ಲಿನ ಅಕ್ಷರ ಮಣ್ಣಿನೊಳಗೆ ಹೂತಿದ್ದರೆ ಹಾಗೆಯೇ ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸುತ್ತೇವೆ. ಈಗ ಊರವರೇ ಕಲ್ಲಿನ ಸುತ್ತ ಕಳೆ ಕಿತ್ತು ಕಾಯುತ್ತಿರುತ್ತಾರೆ.

ಇನ್ನೊಂದು ಅಡ್ಡಿ ಬೀದಿದೀಪ. ಈಗ ಪ್ರತಿ ದೇವಸ್ಥಾನದ ಮುಂದೆಯೂ ಬಿಳಿ ಎಲ್‌ಇಡಿ ಉರಿಯುತ್ತದೆ, ಅದರ ಕೆಳಗೆ ಅಕ್ಷರ ಏಳುವುದಿಲ್ಲ. ಪಂಚಾಯಿತಿಯ ನೀರುಗಂಟಿಗೆ ಮೊದಲೇ ಹೇಳಿ ಅರ್ಧ ಗಂಟೆ ದೀಪ ಆರಿಸುತ್ತೇವೆ. ಹೋದ ವರ್ಷ ಹಾಗೆ ಆರಿಸಿದಾಗ, ಹಗಲಿನಲ್ಲಿ ಬರೀ ಸುಣ್ಣದ ಕಲೆಯಂತೆ ಕಾಣುತ್ತಿದ್ದ ವೀರಗಲ್ಲಿನ ನಡುವಿನ ಪಟ್ಟಿಯಲ್ಲಿ, ಎಡಗಡೆಯಿಂದ ಟಾರ್ಚನ್ನು ಕಲ್ಲಿಗೆ ತಾಗುವಷ್ಟು ಹತ್ತಿರ ಹಿಡಿದೊಡನೆ ‘ತುಱುವಂ’ (ದನಗಳನ್ನು) ಎಂಬಷ್ಟು ಸ್ಪಷ್ಟವಾಗಿ ಎದ್ದಿತು. ಟಾರ್ಚನ್ನು ಒಂದು ಗೇಣು ಕೆಳಗಿಳಿಸಿದರೆ ಮುಂದಿನ ಸಾಲಿನಲ್ಲಿ ‘ಸುರಲೋಕ’ದ ಸು ಮತ್ತು ರ. ಕೆಳಗಿನ ಹಂತದಲ್ಲಿ ದನಗಳು ಸಾಲಾಗಿ ನಿಂತಿವೆ, ಬಿಲ್ಲು ಹಿಡಿದವನ ಮೊಣಕೈ ಒಡೆದಿದೆ. ಕಲ್ಲಿನ ಒಡತಿಯಂತಿರುವ ಅಜ್ಜಿಯೊಬ್ಬರು, ತಾವು ಇಷ್ಟು ವರ್ಷ ಎಣ್ಣೆ ಹಚ್ಚಿದ ದೇವರು ದನ ಕಾಯಲು ಹೋಗಿ ಸತ್ತವನೆಂದು ಅಂದೇ ಕೇಳಿದ್ದು. ಬಿ.ಎಲ್. ರೈಸ್ ಅವರು ಶಾಸನಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟ, 1904ರದು, ನಮ್ಮ ತಾಲ್ಲೂಕಿನ ಆಧಾರ. ಅದರಲ್ಲಿ ಓದಲಾಗದೆ ಚುಕ್ಕಿ ಹಾಕಿ ಬಿಟ್ಟಿರುವ ಕೆಲವು ಜಾಗಗಳನ್ನು ನಾವು ತುಂಬಿದ್ದೇವೆ. ವಿಶ್ವವಿದ್ಯಾಲಯದ ವಿದ್ವಾಂಸರೊಬ್ಬರಿಗೆ ಕಳುಹಿಸಿದಾಗ ಎರಡನ್ನು ಬಿಟ್ಟು ಉಳಿದವನ್ನು ಒಪ್ಪಿದರು. ಪದವಿ ಇಲ್ಲದವರ ಗುಂಪಿಗೆ ಇದು ಸಣ್ಣ ಮಾತಲ್ಲ.

ಬೆಳಕಿನ ಪ್ರಯೋಗಗಳನ್ನು ಬೇಕಾದಷ್ಟು ಮಾಡಿದ್ದೇನೆ. ಜೀಪಿನ ಹೆಡ್‌ಲೈಟ್ ಪ್ರಯೋಜನವಿಲ್ಲ, ಬೆಳಕು ಹರಡಿ ಅಕ್ಷರದ ಅಂಚು ಕರಗುತ್ತದೆ. ಹಗಲಿನಲ್ಲಿ ಕನ್ನಡಿ ಹಿಡಿದು ಬಿಸಿಲು ತಿರುಗಿಸಿದರೆ ಪರವಾಗಿಲ್ಲ, ಮೋಡವಿರಬಾರದು. ತೋಟಕ್ಕೆ ಹೋಗುವವರು ತಲೆಗೆ ಕಟ್ಟುವ ಮುನ್ನೂರು ನಾನೂರು ರೂಪಾಯಿಯ ದೀಪ ಎಲ್ಲಕ್ಕಿಂತ ಒಳ್ಳೆಯದು. ಅದರ ಗಾಜಿಗೆ ನಾನು ಒಂದು ಸಣ್ಣ ವಸ್ತು ಅಂಟಿಸುತ್ತೇನೆ, ಅದೇನೆಂದು ಸಭೆಗೆ ಬಂದವರಿಗೆ ತೋರಿಸುತ್ತೇನೆ. ಒಬ್ಬ ಹುಡುಗ ನೂರೈವತ್ತು ಫೋಟೊ ತೆಗೆದು ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿ ಮಾಡಿದ. ಕಂಪ್ಯೂಟರ್ ರಾತ್ರಿಯಿಡೀ ಓಡಿತು. ಶಿಲ್ಪಕ್ಕೆ ಬಹಳ ಚೆನ್ನ, ಸವೆದ ಅಕ್ಷರಕ್ಕೆ ಈಗಲೂ ಟಾರ್ಚೇ ಮೇಲು. ರಾಗಿ ಹಿಟ್ಟು, ಸೀಮೆಸುಣ್ಣ ಉಜ್ಜುವುದನ್ನು ಪೂರ್ತಿ ನಿಲ್ಲಿಸಿದ್ದೇವೆ.

ಮಳೆಗಾಲದ ಅಮಾವಾಸ್ಯೆಗಳು ಮನೆಯೊಳಗೆ. ವಂಶಪಾರಂಪರ್ಯದ ಶಾನುಭೋಗಿಕೆ (ಊರಿನ ಲೆಕ್ಕ ಬರೆಯುವ ಹುದ್ದೆ) 1961ರ ಕಾಯ್ದೆಯಿಂದ ಹೋದ ಮೇಲೆ ಆ ಮನೆಗಳ ಅಟ್ಟದಲ್ಲಿ ಉಳಿದ ಲೆಕ್ಕದ ಪುಸ್ತಕ, ಕ್ರಯಪತ್ರ, ಕಡತಗಳು ನಮ್ಮ ಮಳೆಗಾಲದ ಕೆಲಸ. ಕಡತವೆಂದರೆ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಬಳಿದು ಬಳಪದಲ್ಲಿ ಬರೆದದ್ದು. ಧೂಳೆಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಇನ್ನೂರು ವರ್ಷದ ಲೆಕ್ಕ ಆ ಬಟ್ಟೆಗೆ ಬರುತ್ತದೆ. ಮಡಿಕೆ ಬಿಚ್ಚುತ್ತಿದ್ದ ಹಾಗೆಯೇ ಮೇಲಿನಿಂದ ಚಿತ್ರ ತೆಗೆಯಬೇಕು. ಪ್ಲೈವುಡ್ ಮತ್ತು ಪಿವಿಸಿ ಪೈಪಿನ ಸ್ಟ್ಯಾಂಡ್ ಅನ್ನು ನಮ್ಮ ಬಡಗಿ ಸದಸ್ಯರು ಆರುನೂರು ರೂಪಾಯಿಯೊಳಗೆ ಮಾಡಿಕೊಟ್ಟರು. ತಾಳೆಗರಿಗೆ ನಿಂಬೆಹುಲ್ಲಿನ ಎಣ್ಣೆ ಹಚ್ಚುವುದನ್ನು ಕೆಳದಿಯ ಕಡೆ ಕಲಿತವರೊಬ್ಬರು ಹೇಳಿಕೊಟ್ಟರು. ಹಳೆಯ ಮನೆಗೆ ಮೊದಲ ಸಲ ಹೋದಾಗ ನಾನು ಏನು ಕೇಳಿ ಮಾತು ಶುರು ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹಳೆ ವಸ್ತು ವ್ಯಾಪಾರಿಗಳಿಗೂ ಅದು ಅಷ್ಟೇ ಚೆನ್ನಾಗಿ ಕೆಲಸಕ್ಕೆ ಬರುತ್ತದೆ.

ಇನ್ನು ಹಣ. ನಮ್ಮ ಸಂಘವನ್ನು ಸಾಕುತ್ತಿರುವುದು ಗೋಡೆ ಕ್ಯಾಲೆಂಡರ್. ಸದಸ್ಯತ್ವ ಶುಲ್ಕ ವರ್ಷಕ್ಕೆ ಇನ್ನೂರು, ಅರವತ್ತು ಚಿಲ್ಲರೆ ಸದಸ್ಯರು. ಅದು ಲೆಕ್ಕ ತಪಾಸಣೆ, ನೋಂದಣಾಧಿಕಾರಿ ಕಚೇರಿಗೆ ವರ್ಷದ ದಾಖಲೆ ಸಲ್ಲಿಕೆ, ಎರಡು ಹಾರ್ಡ್ ಡಿಸ್ಕ್ ಇಷ್ಟಕ್ಕೇ ಮುಗಿಯುತ್ತದೆ. ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಕಲ್ಲಿನ ಚಿತ್ರ, ಕೆಳಗೆ ಐದಾರು ಸಾಲಿನ ವಿವರ, ತಿಥಿ ನಕ್ಷತ್ರ, ಏಕಾದಶಿ, ಜಾತ್ರೆಗಳ ದಿನ. ಅಮಾವಾಸ್ಯೆಯ ಚೌಕದಲ್ಲಿ ಆ ತಿಂಗಳ ಸಭೆಯ ಊರಿನ ಹೆಸರು. ಒಂದೇ ಹಾಳೆಯಲ್ಲಿ ವಾರ್ಷಿಕ ಕಾರ್ಯಕ್ರಮ, ಆಹ್ವಾನ ಪತ್ರ, ಆದಾಯ ಮೂರೂ ಬಂದವು. ಕಲ್ಲಿನ ಜಾಗ, ಸರ್ವೆ ನಂಬರ್ ಎಂದೂ ಅಚ್ಚು ಹಾಕುವುದಿಲ್ಲ. ಸಾವಿರದೈನೂರು ಪ್ರತಿಗೆ ಒಂದಕ್ಕೆ ನಲವತ್ತು ರೂಪಾಯಿಯ ಆಸುಪಾಸು ಬೀಳುತ್ತದೆ, ಎಂಬತ್ತಕ್ಕೆ ಮಾರುತ್ತೇವೆ. ಅಡಿಕೆ ಮಂಡಿಗಳು ಒಟ್ಟಾಗಿ ನೂರು, ಇನ್ನೂರು ಕೊಳ್ಳುತ್ತವೆ. ಕಳೆದ ಸಲ ನಲವತ್ತೈದು ಸಾವಿರದಷ್ಟು ಉಳಿಯಿತು. ಮೊದಲ ವರ್ಷ ಪಂಚಾಂಗದ ವಿವರ ಹಾಕದೆ ಬರೀ ಚಿತ್ರದ ಕ್ಯಾಲೆಂಡರ್ ಮಾಡಿದಾಗ ಮುನ್ನೂರು ಪ್ರತಿ ನನ್ನ ಮನೆಯ ಮಂಚದಡಿಯಲ್ಲೇ ಉಳಿದಿದ್ದವು. ಏಕಾದಶಿ ಇಲ್ಲದ ಕ್ಯಾಲೆಂಡರನ್ನು ನಮ್ಮ ತಾಲ್ಲೂಕಿನಲ್ಲಿ ಯಾರೂ ಮೊಳೆಗೆ ಹಾಕುವುದಿಲ್ಲ.

ಜಗಳಗಳ ಬಗ್ಗೆ ಎರಡು ಮಾತು. ವೀರಗಲ್ಲಿನಲ್ಲಿರುವವನು ಯಾವ ಜಾತಿಯವನು ಎಂಬ ಚರ್ಚೆ ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ಎದ್ದು ಸಂಘ ಮುರಿಯುವುದರಲ್ಲಿತ್ತು. ಶಾಸನದಲ್ಲಿ ಬರೆದಷ್ಟನ್ನು ಮಾತ್ರ ಹೇಳಬೇಕು, ಬರೆಯದ್ದನ್ನು ಸಂಘದ ಹೆಸರಿನಲ್ಲಿ ಯಾರೂ ಹೇಳಕೂಡದು ಎಂದು ಬೈಲಾಕ್ಕೇ ಸೇರಿಸಿದೆವು. ಕಾರ್ಯದರ್ಶಿ ಎರಡು ವರ್ಷಕ್ಕೆ ಬದಲಾಗುತ್ತಾರೆ, ಖಜಾಂಚಿ ಯಾವಾಗಲೂ ಅಂಗಡಿ ನಡೆಸುವವರು. ದಿನಾ ಚಿಲ್ಲರೆ ಎಣಿಸುವ ಕೈಗೆ ಲೆಕ್ಕ ಬಿಟ್ಟರೆ ನೆಮ್ಮದಿ. ಶಾಲು ಹೊದಿಸುವುದನ್ನು ಪೂರ್ತಿ ಕೈಬಿಟ್ಟದ್ದರಿಂದ ಕೆಲವರು ದೂರವಾದರು. ಉಳಿದವರು ಕೆಲಸಕ್ಕಾಗಿ ಬರುವವರು.

ರೈಸ್ ಅವರ ಸಂಪುಟದಲ್ಲಿ ಪಟ್ಟಿಯಾದ ಕಲ್ಲುಗಳಲ್ಲಿ ಮೂರನೆಯ ಎರಡರಷ್ಟನ್ನು ಇದುವರೆಗೆ ಪತ್ತೆ ಮಾಡಿದ್ದೇವೆ. ಉಳಿದವುಗಳಲ್ಲಿ ಕೆಲವು ಮೋರಿಗೆ ಚಪ್ಪಡಿಯಾಗಿವೆ, ಬಟ್ಟೆ ಒಗೆಯುವ ಕಲ್ಲಾಗಿವೆ, ಗದ್ದೆ ಹೋಗಿ ತೋಟವಾದಾಗ ಮಣ್ಣು ಸೇರಿವೆ. ಇವನ್ನು ಹುಡುಕಲು ನಮಗೆ ಒದಗಿದವರು ಜೆಸಿಬಿ ಚಾಲಕರು. ಕೆರೆ ಹೂಳೆತ್ತುವಾಗ, ತೋಟಕ್ಕೆ ಕಾಲುವೆ ತೆಗೆಯುವಾಗ ಮೊದಲು ಕಲ್ಲು ಕಾಣುವುದು ಅವರಿಗೆ. ಅವರಿಗೆ ಸದಸ್ಯತ್ವ ಉಚಿತ, ಕ್ಯಾಲೆಂಡರ್ ಉಚಿತ. ಕರೆ ಬಂದರೆ ಹತ್ತಿರದ ಸದಸ್ಯ ಒಂದು ಗಂಟೆಯೊಳಗೆ ಅಲ್ಲಿರಬೇಕು, ಅಷ್ಟು ಹೊತ್ತು ಯಂತ್ರ ನಿಂತ ಬಾಡಿಗೆ ಸಂಘದ್ದು. ಗಂಟೆಗೆ ಸಾವಿರದ ಮೇಲೆ ಆಗುತ್ತದೆ, ನಾವು ಖುಷಿಯಿಂದ ಕೊಡುವ ಖರ್ಚು ಇದೊಂದೇ. ನಾಣ್ಯ, ಒಡವೆ ಕಂಡರೆ ಮಾತ್ರ ನಾವು ಮುಟ್ಟುವುದಿಲ್ಲ. ಕರ್ನಾಟಕದ 1962ರ ನಿಕ್ಷೇಪ ಕಾಯ್ದೆಯಂತೆ ಅಂಥದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ಚಾಲಕರಿಗೂ ಹೇಳಿಕೊಟ್ಟಿದ್ದೇವೆ. ಈ ಬೇಸಿಗೆಯಲ್ಲಿ ಹೀಗೆ ಬಂದ ಕರೆಗಳಿಂದ ಐದಾರು ಕಲ್ಲು ಉಳಿದವು, ಅದರಲ್ಲಿ ಒಂದು ಸಂಪುಟದಲ್ಲೇ ಇಲ್ಲದ್ದು. ಅದರ ಚಿತ್ರ ಬರುವ ವರ್ಷದ ಜನವರಿ ಪುಟಕ್ಕೆ ಹೋಗುತ್ತದೆ, ಪ್ರತಿಗಳನ್ನು ಎರಡು ಸಾವಿರಕ್ಕೆ ಏರಿಸಿದ್ದೇವೆ, ಬೆಲೆ ತೊಂಬತ್ತು.