ಮುಂಬೈಗೆ ರೈಲು, ಗೋವಾಕ್ಕೆ ಹಡಗು, ಹುಬ್ಬಳ್ಳಿಗೆ ಬಸ್ಸು: 73 ಸಾವಿರದಲ್ಲಿ ನಾಲ್ಕು ಮಂದಿಯ ಕ್ರೂಸ್

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಹತ್ತಿದಾಗಿನಿಂದ ಮರಳಿ ಹುಬ್ಬಳ್ಳಿಯಲ್ಲಿ ಇಳಿಯುವವರೆಗೆ ನಾಲ್ಕು ಮಂದಿಗೆ ಒಟ್ಟು ಖರ್ಚಾಗಿದ್ದು 73 ಸಾವಿರದ ಆಸುಪಾಸು. ಅದರಲ್ಲಿ ಎರಡು ರಾತ್ರಿ ಹಡಗಿನಲ್ಲಿ. ಇದೇ ನಾಲ್ಕು ಮಂದಿಗೆ ಏಜೆಂಟರೊಬ್ಬರು ಹೇಳಿದ ಪ್ಯಾಕೇಜು 1,30,000. "ಅಷ್ಟರಾಗ ಆಗೂದಿಲ್ಲ ಬಿಡ್ರಿ, ಒಳಗ ಹೋದಮ್ಯಾಲ ರೊಕ್ಕ ಕೀಳ್ತಾರ" ಅಂದವರು ಹತ್ತಾರು ಮಂದಿ. ಆಯಿತು. ಹೇಗಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನವು, ನೂರಿನ್ನೂರು ಆಚೀಚೆ ಇರಬಹುದು.

ಇದು ಎರಡನೆಯ ಸಲದ ಲೆಕ್ಕ. ಮೊದಲ ಸಲ ನಾನು ಮಾಡಿದ ತಪ್ಪು, ಎಲ್ಲರೂ ಮಾಡುವ ತಪ್ಪೇ. ಮುಂಬೈ–ಗೋವಾ–ಮುಂಬೈ ರೌಂಡ್ ಟ್ರಿಪ್ ಕೊಂಡೆ. ಮುಂಬೈಯವರಿಗೆ ಅದು ಸರಿ, ಹಡಗು ಅವರನ್ನು ಮನೆ ಬಾಗಿಲಿಗೇ ತಂದು ಬಿಡುತ್ತದೆ. ನಮ್ಮ ಕಡೆಯವರಿಗೆ ಗೋವಾ ಐದಾರು ತಾಸಿನ ದಾರಿ. ಗೋವಾದ ಬಂದರಿನಲ್ಲಿ ನಿಂತು, ಹಡಗಿನ ಇನ್ನೊಂದು ರಾತ್ರಿಗೆ ಬಾಡಿಗೆ ಕೊಟ್ಟು ಮುಂಬೈಗೆ ಹೋಗಿ, ಅಲ್ಲಿಂದ ಮತ್ತೆ ಒಂದು ರಾತ್ರಿ ರೈಲಿನಲ್ಲಿ ಊರಿಗೆ ಬಂದರೆ ತಲೆಗೆ ಎಂಟು ಹತ್ತು ಸಾವಿರ ಸುಮ್ಮನೆ ಹೋಗುತ್ತದೆ, ಎರಡು ದಿನ ರಜೆಯೂ ಹೋಗುತ್ತದೆ. ಹುಬ್ಬಳ್ಳಿ ಸೀಮೆಯ ಹತ್ತಿ ಒಂದು ಕಾಲಕ್ಕೆ ಲೋಂಡಾ, ಕ್ಯಾಸಲ್‌ರಾಕ್ ದಾಟಿ ಮುರ್ಮಗೋವಾ ಬಂದರಿಗೇ ಹೋಗುತ್ತಿತ್ತು. ನಮ್ಮ ಹತ್ತಿರದ ದೊಡ್ಡ ಬಂದರು ಅದೇ. ಹಾಗಾಗಿ ಲೆಕ್ಕ ಬದಲಿಸಿದೆ: ಹೋಗುವಾಗ ರೈಲು, ನಡುವೆ ಮುಂಬೈಯಿಂದ ಗೋವಾಕ್ಕೆ ಒಮ್ಮುಖ ಹಡಗು, ಬರುವಾಗ ಬಸ್ಸು.

ಒಮ್ಮುಖ ಟಿಕೆಟ್ ಎಲ್ಲ ವಾರವೂ ಸಿಗುವುದಿಲ್ಲ. ಹಡಗಿನ ವೇಳಾಪಟ್ಟಿಯನ್ನು ಮೂರು ನಾಲ್ಕು ತಿಂಗಳು ಮುಂಚೆ ತೆಗೆದು ಕೂರಬೇಕು. ನವೆಂಬರಿನಿಂದ ಫೆಬ್ರವರಿ ಸಮುದ್ರ ಶಾಂತ, ದರ ಮಾತ್ರ ಡಿಸೆಂಬರ್ ಕೊನೆಗೆ ಗಗನಕ್ಕೆ. ಜೂನ್‌ನಿಂದ ಸೆಪ್ಟೆಂಬರ್ ಮಧ್ಯದವರೆಗೆ ಅರಬ್ಬೀ ಸಮುದ್ರದ ಆಸೆ ಬಿಡಿ. ನಾವು ಹತ್ತಿದ, ಕೊರ್ಡೇಲಿಯಾ ಕ್ರೂಸ್ ಕಂಪನಿಯ ಎಂಪ್ರೆಸ್ ಹಡಗು 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಶುರುವಾಯಿತು, 2022 ಮತ್ತು 2023ರ ಮಳೆಗಾಲದಲ್ಲಿ ಚೆನ್ನೈ ಕಡೆಯಿಂದ ಓಡಿತು. ಶಾಲೆ ಬಿಡುವಿಲ್ಲದ ವಾರದ ನಡುವಿನ ದಿನಗಳೇ ಅಗ್ಗ. ವರ್ಷದಲ್ಲಿ ಒಂದು ನಿರ್ದಿಷ್ಟ ವಾರ ದರ ಇನ್ನೂ ಕೆಳಗಿಳಿಯುತ್ತದೆ, ಮೂರು ವರ್ಷ ಬರೆದಿಟ್ಟು ನೋಡಿದ್ದೇನೆ. ಯಾವ ವಾರ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ಎಲ್ಲರೂ ಅದೇ ವಾರ ಮುಗಿಬಿದ್ದರೆ ಆ ದರ ಉಳಿಯುವುದಿಲ್ಲ.

ಈಗ ಕ್ಯಾಬಿನ್. ಜಾಹೀರಾತಿನಲ್ಲಿ ಕಾಣುವ ದರ ಒಬ್ಬರದು, ಅದೂ ಇಬ್ಬರು ಹಂಚಿಕೊಂಡರೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಉಳಿತಾಯ ಇರುವುದು ಮೂರನೆಯ ಮತ್ತು ನಾಲ್ಕನೆಯ ಹಾಸಿಗೆಯಲ್ಲಿ. ರೈಲಿನ ಅಪ್ಪರ್ ಬರ್ತಿನ ಹಾಗೆ ಗೋಡೆಯಿಂದ ಕೆಳಗಿಳಿಯುವ ಹಾಸಿಗೆಗಳವು, ದರ ಸುಮಾರು ಅರ್ಧ. ನಮಗೆ ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ನಿನಲ್ಲಿ ಮೊದಲ ಇಬ್ಬರಿಗೆ ತಲಾ 17,500, ಮೇಲಿನ ಇಬ್ಬರಿಗೆ ತಲಾ 9,000 ಬಿತ್ತು. ಅಲ್ಲಿಗೆ 53,000. ಅದರ ಮೇಲೆ ಜಿಎಸ್‌ಟಿ, ಬಂದರು ಶುಲ್ಕ, ಗ್ರಾಚ್ಯುಟಿ (ಹಡಗಿನ ಸಿಬ್ಬಂದಿಯ ಟಿಪ್ಸು) ಸೇರಿ ಇನ್ನೊಂದು 12 ಸಾವಿರ. ಕೊನೆಯ ಪುಟ ತೆರೆಯುವವರೆಗೆ ಈ 12 ಸಾವಿರ ಕಾಣುವುದಿಲ್ಲ, ಆದ್ದರಿಂದ ದರ ಹೋಲಿಸುವಾಗ ರೊಕ್ಕ ಕಟ್ಟುವ ಗುಂಡಿಯವರೆಗೆ ಹೋಗಿ ಅಲ್ಲಿನ ಅಂಕಿಯನ್ನೇ ಬರೆದುಕೊಳ್ಳಿ. ಎಂಪ್ರೆಸ್ 1990ರಲ್ಲಿ ಕಟ್ಟಿದ ಹಡಗು, ಆ ಕಾಲದ ಕ್ಯಾಬಿನ್ನುಗಳು ಚಿಕ್ಕವು. ನಾಲ್ವರೂ ಒಮ್ಮೆಗೇ ನಿಂತು ಬಟ್ಟೆ ಬದಲಿಸಲು ಆಗುವುದಿಲ್ಲ, ಸರದಿ ಹಾಕಿಕೊಳ್ಳಬೇಕು. ಮಲಗಲಿಕ್ಕೆ ಬಿಟ್ಟರೆ ಕ್ಯಾಬಿನ್ನಿನಲ್ಲಿ ಇರುವವರು ಯಾರು?

ಗ್ಯಾರಂಟಿ ಕ್ಯಾಬಿನ್ ಅಂತ ಇನ್ನೊಂದು ಇರುತ್ತದೆ. ದರ್ಜೆ ನೀವು ಆರಿಸುತ್ತೀರಿ, ಕೋಣೆಯ ನಂಬರು ಅವರು ಆಮೇಲೆ ಕೊಡುತ್ತಾರೆ. ಸಾವಿರ ಒಂದೂವರೆ ಸಾವಿರ ಉಳಿಯುತ್ತದೆ. ಮೊದಲ ಸಲ ಅದನ್ನು ತೆಗೆದುಕೊಂಡು ಹಡಗಿನ ಮೂತಿಯ ಕಡೆ ಬಿದ್ದೆವು. ಅಲೆಗೆ ಮೂತಿ ಮತ್ತು ಬಾಲ ಏಳುತ್ತ ಇಳಿಯುತ್ತವೆ, ನಡುಭಾಗ ತೊಟ್ಟಿಲಿನ ಕೀಲಿದ್ದ ಹಾಗೆ. ಎರಡನೆಯ ಸಲ ಹೆಚ್ಚು ರೊಕ್ಕ ಕೊಟ್ಟು ನಡುಭಾಗದ, ಕೆಳಗಿನ ಡೆಕ್ಕಿನ ಕೋಣೆಯನ್ನೇ ಹಿಡಿದೆ. ಉಳಿದದ್ದರಲ್ಲಿ ಎಷ್ಟು ಬೇಕಾದರೂ ಉಳಿಸಿ, ಇಲ್ಲಿ ಮಾತ್ರ ಬೇಡ. ಡೆಕ್ಕಿನ ನಕ್ಷೆ ನೋಡಿ, ತಲೆಯ ಮೇಲೆ ಡಾನ್ಸ್ ಹಾಲ್ ಇಲ್ಲದ ಕೋಣೆ ಆರಿಸಿ. ಕಿಟಕಿಯ ಕ್ಯಾಬಿನ್ನಿಗೆ ರೊಕ್ಕ ಕೊಡುವವರಿದ್ದರೆ, ಗೋವಾ ಕಡೆ ಹೋಗುವಾಗ ಬಲಮಗ್ಗುಲಿಗೆ ತೆರೆದ ಸಮುದ್ರ ಮತ್ತು ಸೂರ್ಯಾಸ್ತ, ಎಡಮಗ್ಗುಲಿಗೆ ದಂಡೆಯ ದೀಪಗಳು.

ಹೆಸರಿನ ವಿಷಯದಲ್ಲಿ ಬಹಳ ಮಂದಿ ಎಡವುತ್ತಾರೆ. ನಮ್ಮ ಕಡೆ ಆಧಾರಿನಲ್ಲಿ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ, ಟಿಕೆಟ್ಟಿನಲ್ಲಿ ಇನಿಶಿಯಲ್ ಹಾಕಿ ಬಿಡುತ್ತೇವೆ. ಆಧಾರಿನಲ್ಲಿ ಇದ್ದ ಹಾಗೆ, ಅಕ್ಷರ ಅಕ್ಷರ ನೋಡಿ ತುಂಬಿ. ದೇಶದೊಳಗಿನ ಪ್ರವಾಸಕ್ಕೆ ಪಾಸ್‌ಪೋರ್ಟ್ ಬೇಡ, ಮೂಲ ಗುರುತಿನ ಚೀಟಿ ಬೇಕು, ಝೆರಾಕ್ಸ್ ನಡೆಯುವುದಿಲ್ಲ. ಲಕ್ಷದ್ವೀಪದ ಕ್ರೂಸಿಗೆ ಹೋಗುವವರಿಗೆ ಪ್ರವೇಶ ಪರವಾನಗಿಯೂ ಬೇಕು. ಅಲ್ಲಿ ಹಡಗು ಅಗತ್ತಿಯ ಹೊರಗೆ ಲಂಗರು ಹಾಕಿ ದೋಣಿಯಲ್ಲಿ ದಂಡೆಗೆ ಬಿಡುತ್ತದೆ, ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ. ದ್ವೀಪ ನೋಡಲೇಬೇಕು ಅಂತಲೇ ಹೋಗುವವರು ಆ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿದು ಹೋಗಬೇಕು.

ಹಡಗು ಖಚಿತವಾದ ಮೇಲೆ ರೈಲು. ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನ ಮುಂಚೆ ತೆರೆಯುತ್ತದೆ, ಪ್ರಯಾಣದ ದಿನ ಬಿಟ್ಟು ಎಣಿಸಬೇಕು, ಮುಂಜಾನೆ 8ಕ್ಕೆ. ಹುಬ್ಬಳ್ಳಿ–ದಾದರ್ ಗಾಡಿ ಮಧ್ಯಾಹ್ನದ ಮೇಲೆ ಹೊರಟು ನಸುಕಿಗೆ ದಾದರ್ ಮುಟ್ಟಿಸುತ್ತದೆ. ಹಡಗಿಗೆ ಇದಕ್ಕಿಂತ ಸರಿಹೊಂದುವ ಗಾಡಿ ಇಲ್ಲ: ಎರಡು ಮೂರು ತಾಸು ತಡವಾದರೂ ಮಧ್ಯಾಹ್ನದ ಚೆಕ್‌ಇನ್ನಿಗೆ ಧಕ್ಕೆ ಇಲ್ಲ. ಮಧ್ಯಾಹ್ನ ಮುಟ್ಟುವ ಗಾಡಿ ಹಿಡಿಯಬೇಡಿ, ಹಡಗು ಬಿಡುವ ತಾಸೆರಡು ತಾಸು ಮೊದಲೇ ಗೇಟು ಮುಚ್ಚುತ್ತದೆ, ಯಾರಿಗೂ ಕಾಯುವುದಿಲ್ಲ. ಗದಗಿನವರು ವಿಜಯಪುರ, ಸೊಲ್ಲಾಪುರದ ಮೇಲೆ ಹೋಗುವ ಮುಂಬೈ ಗಾಡಿ ಹಿಡಿದರೆ ನೇರ ಬಂದರಿನ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಅಂದರೆ ಸಿಎಸ್‌ಎಂಟಿಯಲ್ಲೇ ಇಳಿಯಬಹುದು. ಹಾವೇರಿಯವರು ಹುಬ್ಬಳ್ಳಿಗೆ ಬಂದು ಹತ್ತುವುದು ಛಲೋ. ಹುಬ್ಬಳ್ಳಿಯ ದೊಡ್ಡ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಬೋಗಿ ಎಲ್ಲಿ ನಿಲ್ಲುತ್ತದೆ ಅಂತ ನೋಡದೆ ತಪ್ಪು ದ್ವಾರದಿಂದ ಹೊಕ್ಕರೆ ನಾಲ್ಕು ಬ್ಯಾಗು ಎಳೆದುಕೊಂಡು ಅರ್ಧ ತಾಸು ನಡೆಯಬೇಕಾಗುತ್ತದೆ. ನಾಲ್ಕು ಥರ್ಡ್ ಎಸಿಗೆ ಸುಮಾರು 4,500 ಆಯಿತು.

ದಾದರ್‌ನಲ್ಲಿ ಇಳಿದ ಕೂಡಲೇ, ಅಂದರೆ 7ರ ಒಳಗೆ, ಸೆಂಟ್ರಲ್ ಲೈನಿನ ಲೋಕಲ್ ಹಿಡಿದು ಸಿಎಸ್‌ಎಂಟಿಗೆ ಹೋಗಿಬಿಡಿ. 8ರ ಮೇಲೆ ಬ್ಯಾಗು ಹಿಡಿದು ಲೋಕಲ್ ಹತ್ತುವುದು ಆಗದ ಮಾತು. ಸಿಎಸ್‌ಎಂಟಿಯ ಕ್ಲೋಕ್ ರೂಮಿನಲ್ಲಿ ಬ್ಯಾಗಿಗೆ ಬೀಗ ಇಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ, ಊರಿನಿಂದಲೇ ಬೀಗ ಒಯ್ಯಿರಿ. ಅಲ್ಲಿಂದ ಹಡಗು ಹತ್ತುವ ಬಂದರು, ಬಲ್ಲಾರ್ಡ್ ಪಿಯರ್‌ನ ಗ್ರೀನ್ ಗೇಟ್ ಒಂದೂವರೆ ಕಿಲೋಮೀಟರ್ ಇದ್ದೀತು, ಮೀಟರ್ ಟ್ಯಾಕ್ಸಿ ಸಾಕು. ಹೋಟೆಲ್ ರೂಮಿನ ಖರ್ಚೇ ಇಲ್ಲ. ಮುಂಬೈಯ ಆ ಅರ್ಧ ದಿನಕ್ಕೆ ಊಟ, ಟ್ಯಾಕ್ಸಿ ಎಲ್ಲ ಸೇರಿ 1,500.

ಬುತ್ತಿಯ ಬಗ್ಗೆ ಒಂದು ಮಾತು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ರೈಲಿಗೆ ಮತ್ತು ಮುಂಬೈಯ ಮುಂಜಾನೆಗೆ ಎಷ್ಟು ಬೇಕೋ ಅಷ್ಟೇ ಕಟ್ಟಿ. ತಲೆಗೆ ಆರು ರೊಟ್ಟಿ ಸಾಕು. ಹೊರಗಿನ ತಿನಿಸು ಹಡಗಿನೊಳಗೆ ಬಿಡುವುದಿಲ್ಲ. ಮೊದಲ ಸಲ ಮೂವತ್ತು ರೊಟ್ಟಿಯ ಗಂಟು ಸ್ಕ್ಯಾನರಿನ ಹತ್ತಿರ ಬಿಟ್ಟು ಹೋಗಬೇಕಾಯಿತು. ಇಸ್ತ್ರಿ ಪೆಟ್ಟಿಗೆ, ಕೆಟಲ್, ಎಕ್ಸ್‌ಟೆನ್ಷನ್ ಬೋರ್ಡ್ ಕೂಡ ಅಲ್ಲೇ ಉಳಿಯುತ್ತವೆ, ಬೆಂಕಿಯ ಭಯ. ನಾಲ್ಕು ಫೋನಿಗೆ ನಾಲ್ಕು ಬಾಯಿಯ ಯುಎಸ್‌ಬಿ ಚಾರ್ಜರ್ ಒಂದು ಸಾಕು. ಹಡಗಿನ ಒಳಗೋಡೆ ಉಕ್ಕಿನದು, ಆಯಸ್ಕಾಂತದ ಕೊಕ್ಕೆ ಗಟ್ಟಿಯಾಗಿ ಕೂರುತ್ತದೆ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ 40 ರೂಪಾಯಿಗೊಂದರಂತೆ ಆರು ಕೊಂಡಿದ್ದೆ. ಟವೆಲ್ಲು, ಚೀಲ, ಟೋಪಿ ಎಲ್ಲ ಗೋಡೆಗೆ ಹೋದವು, ಚಿಕ್ಕ ಕ್ಯಾಬಿನ್ನಿನಲ್ಲಿ ಓಡಾಡಲು ಜಾಗವಾಯಿತು. ದೊಡ್ಡ ಬ್ಯಾಗು ಟರ್ಮಿನಲ್ಲಿನಲ್ಲಿ ಕೊಟ್ಟರೆ ಕೋಣೆಗೆ ಬರುವುದು ಸಂಜೆಗೆ, ಗುಳಿಗೆ, ಚೀಟಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ.

ಒಳಗೆ ರೊಕ್ಕ ಹೋಗುವ ದಾರಿಗಳು ನಾಲ್ಕು: ಮದ್ಯ ಮತ್ತು ತಂಪು ಪಾನೀಯ, ವೈಫೈ, ಬೇರೆ ದರದ ರೆಸ್ಟೋರೆಂಟು, ಕ್ಯಾಸಿನೊ. ಬಫೆ ಟಿಕೆಟ್ಟಿನಲ್ಲೇ ಸೇರಿದೆ, ಸಸ್ಯಾಹಾರ ಸಾಕಷ್ಟಿದೆ, ಜೈನ ಊಟವೂ ಸಿಗುತ್ತದೆ. ಎರಡು ದಿನಕ್ಕೆ ನಮ್ಮ ಒಳಖರ್ಚು 1,200, ಅದೂ ಮಕ್ಕಳ ಐಸ್‌ಕ್ರೀಮಿಗೆ. ಫೋನನ್ನು ಹತ್ತುವಾಗಲೇ ಫ್ಲೈಟ್ ಮೋಡಿಗೆ ಹಾಕಿ, ಇಲ್ಲದಿದ್ದರೆ ನಡುಸಮುದ್ರದಲ್ಲಿ ಅದು ಹಡಗಿನ ನೆಟ್‌ವರ್ಕ್ ಹಿಡಿದು ರೋಮಿಂಗ್ ಬಿಲ್ ಏರಿಸೀತು. ಹಡಗು ಬಿಡುವ ಹೊತ್ತಿನ ಸುರಕ್ಷತಾ ಡ್ರಿಲ್ ಕಡ್ಡಾಯ, ತಪ್ಪಿಸಬೇಡಿ.

ಫ್ಲೈಟ್ ಮೋಡಿನಲ್ಲೂ ಜಿಪಿಎಸ್ ನಡೆಯುತ್ತದೆ. ಕೊಂಕಣ ಕರಾವಳಿಯ ನಕ್ಷೆಯನ್ನು ಊರಲ್ಲೇ ಇಳಿಸಿಕೊಂಡು, ಡೆಕ್ಕಿನ ಮೇಲೆ ನಿಂತು ತಾಸಿಗೊಮ್ಮೆ ಬರೆದೆ. ವೇಗ 8ರಿಂದ 14 ನಾಟ್. ಒಂದು ನಾಟ್ ಅಂದರೆ ತಾಸಿಗೆ 1.852 ಕಿಲೋಮೀಟರ್. ಮುಂಬೈಯಿಂದ ಮುರ್ಮಗೋವಾ ಸಮುದ್ರದ ಮೇಲೆ ಸುಮಾರು 430 ಕಿಲೋಮೀಟರ್, 12 ನಾಟ್‌ನಲ್ಲಿ ಹೋದರೆ 20 ತಾಸಿನೊಳಗೆ ಮುಟ್ಟುತ್ತದೆ. ಎರಡು ರಾತ್ರಿ ತುಂಬಿಸಲು ಹಡಗು ನಿಧಾನಿಸುತ್ತದೆ, ಸುತ್ತು ಹಾಕುತ್ತದೆ. ಅದು ನಮಗೆ ಒಳ್ಳೆಯದೇ, ನಿಧಾನಿಸಿದ ಹೊತ್ತಿನಲ್ಲಿ ಡೆಕ್ಕಿನ ಗಾಳಿಯೂ ಹಿತವಾಗಿತ್ತು.

ವಾಂತಿಯ ವಿಷಯದಲ್ಲೂ ಒಂದು ಪ್ರಯೋಗ ಮಾಡಿದೆವು. ಒಬ್ಬರು ಅವೊಮಿನ್ ಗುಳಿಗೆ, ಒಬ್ಬರು ಹಸಿಶುಂಠಿ ಮತ್ತು ಬೆಲ್ಲ, ಒಬ್ಬರು ಬರೀ ಲಿಂಬೆಹುಳಿ ಪೆಪ್ಪರ್‌ಮೆಂಟು, ಒಬ್ಬರು ಏನೂ ಇಲ್ಲ. ಗುಳಿಗೆಯವರಿಗೆ ಏನೂ ಆಗಲಿಲ್ಲ, ಆದರೆ ಮೊದಲ ಸಂಜೆಯೆಲ್ಲ ತೂಕಡಿಕೆ. ಶುಂಠಿಯವರು ತಡೆದರು. ಪೆಪ್ಪರ್‌ಮೆಂಟಿನಿಂದ ಪ್ರಯೋಜನ ಕಾಣಲಿಲ್ಲ. ಏನೂ ತೆಗೆದುಕೊಳ್ಳದವರು ಡೆಕ್ಕಿಗೆ ಬಂದು ದಿಗಂತ ನೋಡುತ್ತ ನಿಂತಾಗ ಸರಿಯಾದರು. ಗುಳಿಗೆಯನ್ನು ತಲೆ ತಿರುಗಿದ ಮೇಲೆ ನುಂಗಿದರೆ ಉಪಯೋಗ ಕಡಿಮೆ, ಹತ್ತುವ ತಾಸೆರಡು ತಾಸು ಮುಂಚೆಯೇ ಆಗಬೇಕು. ಮಕ್ಕಳ ಪ್ರಮಾಣ ಡಾಕ್ಟರನ್ನೇ ಕೇಳಿ. ಹೊಟ್ಟೆ ಖಾಲಿಯೂ ಬೇಡ, ಬಫೆ ನೋಡಿ ಬಿರಿಯ ತುಂಬುವುದೂ ಬೇಡ.

ಕೊನೆಯ ರಾತ್ರಿ ಬ್ಯಾಗನ್ನು ಹೊರಗಿಡದೆ ನೀವೇ ಹೊತ್ತು ಇಳಿಯಿರಿ, ಒಂದು ತಾಸು ಉಳಿಯುತ್ತದೆ. ಮುರ್ಮಗೋವಾ ಬಂದರಿನಿಂದ ವಾಸ್ಕೋ ಪೇಟೆ ಮೂರ್ನಾಲ್ಕು ಕಿಲೋಮೀಟರ್. ಬಾಗಿಲಲ್ಲೇ ನಿಂತ ಟ್ಯಾಕ್ಸಿ ಹತ್ತದೆ ಬಂದರಿನ ಗೇಟು ದಾಟಿ ಹೊರಗೆ ಬಂದರೆ ಬಾಡಿಗೆ ಅರ್ಧಕ್ಕಿಳಿಯುತ್ತದೆ. ವಾಸ್ಕೋದಿಂದ ಹುಬ್ಬಳ್ಳಿ ಕಡೆಯ ರೈಲು ನಮ್ಮ ಹೊತ್ತಿಗೆ ಹೊಂದಲಿಲ್ಲ. ಆದ್ದರಿಂದ ನಮ್ಮ ವಾಯವ್ಯ ಸಾರಿಗೆ ಬಸ್ಸೇ ಗತಿ, ತಲೆಗೆ 300ರ ಹತ್ತಿರ. ನೇರ ಬಸ್ಸು ತಪ್ಪಿದರೆ ಮಡಗಾಂವ್ ಅಥವಾ ಪಣಜಿಗೆ ಹೋಗಿ ಹಿಡಿಯಬಹುದು. ಮಳೆ ಹಿಂದೆ ಸರಿಯದಿದ್ದಾಗ ಅನಮೋಡ ಘಾಟಿನ ಸ್ಥಿತಿ ಮೊದಲೇ ವಿಚಾರಿಸಿ, ಘಾಟು ಬಂದ್ ಇದ್ದರೆ ಕಾರವಾರ, ಅಂಕೋಲಾ, ಯಲ್ಲಾಪುರದ ಮೇಲೆ ಬರುವ ಬಸ್ಸಿಗೆ ಎರಡು ತಾಸು ಹೆಚ್ಚು ಇಟ್ಟುಕೊಳ್ಳಿ. ಮಧ್ಯಾಹ್ನದ ಬಸ್ಸು ಹಿಡಿದ ನಾವು ರಾತ್ರಿ ಊಟಕ್ಕೆ ಮನೆಯಲ್ಲಿದ್ದೆವು.