ಬಾಡಿಗೆ ಬಂದಿಲ್ವಾ? ಮೂರು ದಿನದ ನೋಟಿಸ್ ತಪ್ಪಿಲ್ಲದೆ ಕೊಡುವುದು ಹೀಗೆ

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಕೊಂಡು, ಆಮೇಲೆ ಕೆಲಸಕ್ಕೆ ಟೆಕ್ಸಾಸ್‌ಗೋ, ಅಪ್ಪ ಅಮ್ಮನನ್ನು ನೋಡಿಕೊಳ್ಳಲು ಬೆಂಗಳೂರಿಗೋ ಹೋದ ಕನ್ನಡಿಗರು ಬಹಳ ಜನ ಇದ್ದಾರೆ. ಕಷ್ಟಪಟ್ಟು ಕೊಂಡ ಮನೆಯನ್ನು ಮಾರಲು ಮನಸ್ಸಾಗುವುದಿಲ್ಲ. ಬಾಡಿಗೆಗೆ ಕೊಡುತ್ತಾರೆ. ಬಾಡಿಗೆಯಲ್ಲೇ ಸಾಲದ ಕಂತು ಕಟ್ಟುತ್ತಾರೆ. ಒಂದು ತಿಂಗಳು ಬಾಡಿಗೆ ನಿಂತಿತು ಅಂದರೆ ನಿದ್ದೆ ಕೆಡುತ್ತದೆ.

ನನ್ನ ಪರಿಚಯದವರಲ್ಲೇ ಮೂರು ಜನ ಈ ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದಾರೆ. ಮೂವರಿಗೂ ಬಾಡಿಗೆ ಬಾಕಿ ಇದ್ದದ್ದು ನಿಜ. ಆದರೂ ಮೂವರ ಕೇಸೂ ಬಿದ್ದುಹೋಯಿತು. ಕಾರಣ ಒಂದೇ: ‘ಮೂರು ದಿನದೊಳಗೆ ಬಾಡಿಗೆ ಕೊಡಿ, ಇಲ್ಲವೇ ಮನೆ ಬಿಡಿ’ ಅಂತ ಬಾಡಿಗೆದಾರರಿಗೆ ಕೊಟ್ಟ ಮೊದಲ ನೋಟಿಸ್‌ನಲ್ಲಿ ತಪ್ಪಿತ್ತು. ಅಲ್ಲಿನ ನ್ಯಾಯಾಧೀಶರು ಮೊದಲು ನೋಡುವುದು ಆ ಒಂದು ಹಾಳೆಯನ್ನು. ಅದು ಸರಿಯಿಲ್ಲದಿದ್ದರೆ ಮುಂದಿನ ಮಾತೇ ಇಲ್ಲ.

ಮನೆ ಯಾವ ಊರಿನಲ್ಲಿದೆ ನೋಡಿಕೊಳ್ಳಿ

ಕೌಂಟಿ ಒಂದೇ ಆದರೂ ಅದರೊಳಗೆ 15 ಊರುಗಳಿವೆ. ರಸ್ತೆಯ ಈ ಕಡೆ ಒಂದು ನಿಯಮ, ಆ ಕಡೆ ಇನ್ನೊಂದು. ಸ್ಯಾನ್ ಹೋಸೆಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಮನೆಗಳಿರುವ ಕಟ್ಟಡ 1979ರ ಸೆಪ್ಟೆಂಬರ್ 7ಕ್ಕಿಂತ ಹಳೆಯದಾದರೆ, ವರ್ಷಕ್ಕೆ ಶೇ 5ಕ್ಕಿಂತ ಹೆಚ್ಚು ಬಾಡಿಗೆ ಏರಿಸುವಂತಿಲ್ಲ. ಮೌಂಟನ್ ವ್ಯೂ ಜನ 2016ರಲ್ಲಿ ಮತ ಹಾಕಿ ತಮ್ಮದೇ ಕಾನೂನು ತಂದುಕೊಂಡರು. ಅಲ್ಲಿ 1995ರ ಫೆಬ್ರುವರಿ 1ಕ್ಕಿಂತ ಹಳೆಯ ಅಪಾರ್ಟ್‌ಮೆಂಟ್‌ಗಳ ಬಾಡಿಗೆ ಏರಿಕೆ ಬೆಲೆಯೇರಿಕೆಗೆ ತಕ್ಕಂತೆ ಶೇ 2ರಿಂದ 5ರ ಒಳಗೇ ಇರಬೇಕು. ಸನ್ನಿವೇಲ್, ಪಾಲೋ ಆಲ್ಟೋ, ಲಾಸ್ ಗ್ಯಾಟೋಸ್ ಊರುಗಳಿಗೂ ಅವರವರದೇ ನಿಯಮಗಳಿವೆ.

ಇವೆಲ್ಲದರ ಮೇಲೆ ರಾಜ್ಯದ ಕಾನೂನು, ಎಬಿ 1482. ಇದು 2020ರ ಜನವರಿ 1ರಿಂದ ಜಾರಿಯಲ್ಲಿದೆ. 15 ವರ್ಷ ದಾಟಿದ ಕಟ್ಟಡಗಳಲ್ಲಿ ವರ್ಷದ ಏರಿಕೆ ಶೇ 5ಕ್ಕೆ ಬೆಲೆಯೇರಿಕೆ ಸೇರಿಸಿದಷ್ಟು, ಎಷ್ಟೇ ಆದರೂ ಶೇ 10 ಮೀರಬಾರದು. ಬಾಡಿಗೆದಾರರು 12 ತಿಂಗಳು ಇದ್ದರೆ, ಕಾನೂನು ಒಪ್ಪುವ ಕಾರಣ ಇಲ್ಲದೆ ಖಾಲಿ ಮಾಡಿಸುವಂತಿಲ್ಲ.

ಬಾಡಿಗೆ ಏರಿಕೆಗೂ ಮನೆ ಖಾಲಿ ಮಾಡಿಸುವುದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಸಂಬಂಧ ಇದೆ. ಎರಡು ವರ್ಷದ ಹಿಂದೆ ಮಿತಿ ಮೀರಿ ಬಾಡಿಗೆ ಏರಿಸಿದ್ದರೆ, ಈಗ ನೋಟಿಸ್‌ನಲ್ಲಿ ಬರೆಯುವ ಮೊತ್ತವೂ ಜಾಸ್ತಿ ಆಗುತ್ತದೆ. ಮೊತ್ತ ಜಾಸ್ತಿ ಆದರೆ ನೋಟಿಸ್ ನಿಲ್ಲುವುದಿಲ್ಲ.

ಕರಾರಿನಲ್ಲೇ ಮಾಡಿಡಬೇಕಾದ್ದು

ಬಿಡಿ ಮನೆಗೂ ಕಾಂಡೋಗೂ (ಕಟ್ಟಡದಲ್ಲಿ ಸ್ವಂತಕ್ಕೆ ಕೊಂಡ ಫ್ಲ್ಯಾಟ್‌ಗೂ) ಎಬಿ 1482ರಿಂದ ವಿನಾಯಿತಿ ಇದೆ. ಆದರೆ ತಾನಾಗಿಯೇ ಸಿಗುವುದಿಲ್ಲ. ‘ಈ ಮನೆ ಆ ಕಾನೂನಿಗೆ ಒಳಪಡುವುದಿಲ್ಲ’ ಅಂತ ಕಾನೂನು ಹೇಳಿದ ಮಾತುಗಳಲ್ಲೇ ಬಾಡಿಗೆದಾರರಿಗೆ ಬರೆದು ಕೊಟ್ಟಿರಬೇಕು. ಇದನ್ನು ಬಿಟ್ಟವರೇ ಜಾಸ್ತಿ. ಇನ್ನೊಂದು ಮಾತು. ಯಾರೋ ಹೇಳಿದರು ಅಂತ ಮನೆಯನ್ನು ಕಂಪನಿಯ ಹೆಸರಿಗೆ ಮಾಡಬೇಡಿ. ಮಾಲೀಕತ್ವ ಕಾರ್ಪೊರೇಷನ್ನಿನದಾದರೆ ಈ ವಿನಾಯಿತಿ ಹೋಗುತ್ತದೆ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಆದರೂ ಕೋರ್ಟಿನಲ್ಲಿ ನೀವೇ ನಿಂತು ಮಾತಾಡುವಂತಿಲ್ಲ, ಲಾಯರ್ ಇಡಲೇಬೇಕು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬೆಳೆದ ನಮಗೆ ಅಲ್ಲಿನ ಲೆಕ್ಕ ಸಣ್ಣದು ಅನಿಸುತ್ತದೆ. 2024ರ ಜುಲೈ 1ರಿಂದ ಡಿಪಾಸಿಟ್ ಒಂದು ತಿಂಗಳ ಬಾಡಿಗೆ ಮಾತ್ರ. ಎರಡು ಆಸ್ತಿ, ಒಟ್ಟು ನಾಲ್ಕು ಮನೆಗಿಂತ ಹೆಚ್ಚಿಲ್ಲದ ಸಣ್ಣ ಮಾಲೀಕರು ಎರಡು ತಿಂಗಳದ್ದು ತೆಗೆದುಕೊಳ್ಳಬಹುದು. ಹಾಗಾಗಿ ‘ಅಡ್ವಾನ್ಸ್‌ನಲ್ಲಿ ಮುರಿದುಕೊಂಡರಾಯಿತು’ ಅನ್ನುವ ಧೈರ್ಯ ಅಲ್ಲಿ ನಡೆಯದು.

ಬಾಡಿಗೆಯನ್ನು ಚೆಕ್‌ನಲ್ಲೇ ತೆಗೆದುಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ಹೋಗಿ ಮಾತಾಡಿ

ಬಾಡಿಗೆ ತಡವಾದ ಕೂಡಲೇ ನೋಟಿಸ್ ಬರೆಯಲು ಕೂರಬೇಡಿ. ಫೋನ್ ಮಾಡಿ. ಆಗುವುದಾದರೆ ಹೋಗಿ ಮಾತಾಡಿ. ಆ ಕೌಂಟಿಯಲ್ಲಿ ಬಾಡಿಗೆಗೆ ಇರುವವರಲ್ಲಿ ನಮ್ಮಂತೆಯೇ ಎಚ್-1ಬಿ ವೀಸಾದವರು ಬಹಳ. ಕೆಲಸ ಹೋದರೆ ಅವರಿಗೆ ಇರುವುದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕೆಲಸ ಹುಡುಕಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಸನ್ನಿವೇಲ್‌ನ ಒಂದು ಕಾಂಡೋದಲ್ಲಿ ಇಂಥ ಮಾತುಕತೆಗೆ ನಾನೂ ಕೂತಿದ್ದೆ. ಊಟದ ಮೇಜಿನ ಮೇಲೆ ಮಗುವಿನ ಶಾಲೆಯ ಬಣ್ಣದ ಪೆನ್ಸಿಲ್ ಡಬ್ಬ, ಪಕ್ಕದಲ್ಲಿ ಅರ್ಧ ತುಂಬಿದ ಅರ್ಜಿಗಳು. ಆ ಹುಡುಗ ಮಾಲೀಕರ ಮುಖ ನೋಡದೆ ಹೇಳಿದ: “ಸರ್, ಕೊಡಲ್ಲ ಅಂತಲ್ಲ. ಮೂರು ವಾರ ಆಯ್ತು ಕೆಲಸ ಹೋಗಿ. ನಿಮಗೆ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ.”

ಮಾಲೀಕರು ಅಲ್ಲೇ ಒಂದು ಹಾಳೆ ತೆಗೆದು ಬರೆದರು. ತಿಂಗಳ ಕೊನೆಗೆ ಮನೆ ಖಾಲಿ, ಆ ತಿಂಗಳ ಬಾಡಿಗೆ ಮನ್ನಾ, ಮನೆ ಚೊಕ್ಕಟವಾಗಿದ್ದರೆ ಡಿಪಾಸಿಟ್ ಪೂರ್ತಿ ವಾಪಸ್. ಇಬ್ಬರೂ ಸಹಿ ಹಾಕಿದರು. ಹೇಳಿದ ದಿನ ಕೀಲಿ ಕೈಗೆ ಬಂತು. ಕೋರ್ಟಿಗೆ ಹೋಗಿದ್ದರೆ ಅದರ ಎರಡು ಪಟ್ಟು ಕಾಲ, ಮೂರು ಪಟ್ಟು ದುಡ್ಡು ಹೋಗುತ್ತಿತ್ತು. ಆ ಹುಡುಗನ ಹೆಸರಿಗೂ ಕೇಸು ಅಂಟಿಕೊಳ್ಳುತ್ತಿತ್ತು. ಹೀಗೆ ಮುಗಿಸಲು ಆಗುವುದಾದರೆ ಹೀಗೇ ಮುಗಿಸಿ.

ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಕರೆಂಟ್ ತೆಗೆಸುವುದು ಮಾತ್ರ ಬೇಡವೇ ಬೇಡ. ಅದಕ್ಕೆ ದಿನಕ್ಕೆ 100 ಡಾಲರ್ ತನಕ ದಂಡ ಬೀಳುತ್ತದೆ, ನಷ್ಟ ಬೇರೆ ಕಟ್ಟಿಕೊಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅದು ತಪ್ಪು. ಒಳಗೆ ಮಕ್ಕಳಿರುತ್ತಾರೆ.

ನೋಟಿಸ್ ಬರೆಯುವುದು

ಮಾತು ಫಲಿಸಲಿಲ್ಲ ಅಂದರೆ ಈ ಹಂತ. ಎಲ್ಲರೂ ಎಡವುವುದು ಇಲ್ಲೇ. ‘ಬಾಡಿಗೆ ಕೊಡಿ, ಇಲ್ಲವೇ ಮನೆ ಬಿಡಿ’ ಅನ್ನುವ ಮೂರು ದಿನದ ನೋಟಿಸ್ ಇದು. ನಿಧಾನಕ್ಕೆ ಓದಿ.

ಮೊದಲು ಮೊತ್ತ. ಬರಿ ಬಾಡಿಗೆ ಬರೆಯಬೇಕು, ಬೇರೇನೂ ಬೇಡ. ನನ್ನ ಪರಿಚಯದವರೊಬ್ಬರ ನೋಟಿಸ್‌ನಲ್ಲಿ ಹೀಗಿತ್ತು: ಬಾಡಿಗೆ 3,200, ಲೇಟ್ ಫೀ 100, ನೀರಿನ ಬಿಲ್ 84, ಒಟ್ಟು 3,384 ಡಾಲರ್. ಮೂರೂ ಅವರಿಗೆ ಬರಬೇಕಾದ ದುಡ್ಡೇ. ಆದರೆ ಆ 184 ಡಾಲರ್ ಸೇರಿಸಿದ್ದಕ್ಕೆ ನೋಟಿಸ್ ಬಿದ್ದುಹೋಯಿತು. ಮತ್ತೆ ಹೊಸ ನೋಟಿಸ್, ಮತ್ತೆ ಹೊಸ ಕೇಸು. ಅಷ್ಟರಲ್ಲಿ ಇನ್ನೆರಡು ತಿಂಗಳ ಬಾಡಿಗೆ, 6,400 ಡಾಲರ್ ಕೈಬಿಟ್ಟಿತ್ತು. ಲೇಟ್ ಫೀ, ರಿಪೇರಿ, ಬಿಲ್ಲು ಎಲ್ಲ ಬೇರೆ ಕಡೆ ಕೇಳಿ, ಈ ಹಾಳೆಯಲ್ಲಿ ಬೇಡ. ಒಂದು ವರ್ಷಕ್ಕಿಂತ ಹಳೆಯ ಬಾಕಿಯನ್ನೂ ಇದರಲ್ಲಿ ಸೇರಿಸುವಂತಿಲ್ಲ. ಅನುಮಾನ ಬಂದರೆ ಹತ್ತು ಡಾಲರ್ ಕಡಿಮೆ ಬರೆಯಿರಿ, ಒಂದು ಡಾಲರ್ ಕೂಡ ಜಾಸ್ತಿ ಬರೆಯಬೇಡಿ.

ಆಮೇಲೆ ದಿನದ ಲೆಕ್ಕ. ‘ಮೂರು ದಿನ’ ಅಂದರೆ ಗೋಡೆ ಕ್ಯಾಲೆಂಡರಿನ ಮೂರು ದಿನ ಅಲ್ಲ. ನೋಟಿಸ್ ಕೊಟ್ಟ ದಿನ ಲೆಕ್ಕಕ್ಕಿಲ್ಲ. ಶನಿವಾರ, ಭಾನುವಾರ ಲೆಕ್ಕಕ್ಕಿಲ್ಲ. ಕೋರ್ಟಿನ ರಜೆಯೂ ಲೆಕ್ಕಕ್ಕಿಲ್ಲ. 2026ರ ಫೆಬ್ರುವರಿಯನ್ನೇ ತೆಗೆದುಕೊಳ್ಳಿ. 11ನೇ ತಾರೀಕು ಬುಧವಾರ ನೋಟಿಸ್ ಕೊಟ್ಟಿರಿ ಅಂದುಕೊಳ್ಳಿ. 12 ಗುರುವಾರ, ಲಿಂಕನ್ ಹುಟ್ಟಿದ ದಿನ. ನಮ್ಮ ಆಫೀಸುಗಳಿಗೆ ರಜೆ ಇರುವುದಿಲ್ಲ, ಕೋರ್ಟಿಗೆ ಇರುತ್ತದೆ. ಆ ದಿನ ಬಿಡಿ. 13 ಶುಕ್ರವಾರ, ಒಂದು. ಶನಿ, ಭಾನು ಬಿಡಿ. 16 ಸೋಮವಾರ ಪ್ರೆಸಿಡೆಂಟ್ಸ್ ಡೇ, ಬಿಡಿ. 17 ಮಂಗಳವಾರ, ಎರಡು. 18 ಬುಧವಾರ, ಮೂರು. ಆ ದಿನ ಪೂರ್ತಿ ಮುಗಿದು 19ರ ಗುರುವಾರಕ್ಕೆ ಕೇಸು ಹಾಕಬಹುದು. ಮೂರು ದಿನ ಅಂದದ್ದು ಒಂದು ವಾರ ದಾಟಿತು, ಅಲ್ವಾ? ಅವಸರ ಮಾಡಿ 17ಕ್ಕೆ ಕೇಸು ಹಾಕಿದರೆ ಅದು ಹುಟ್ಟುವಾಗಲೇ ಸತ್ತಂತೆ. ಕೋರ್ಟಿನ ರಜೆ ಪಟ್ಟಿಯನ್ನು ಪ್ರಿಂಟ್ ತೆಗೆದು ಮುಂದಿಟ್ಟುಕೊಂಡೇ ಲೆಕ್ಕ ಹಾಕಿ. ನಾನು ಬೆರಳಲ್ಲಿ ಎಣಿಸುವವರನ್ನು ನಂಬುವುದಿಲ್ಲ. ಪ್ರತಿ ದಿನದ ಪಕ್ಕ ಪೆನ್ನಿನಲ್ಲಿ ಬರೆಯಿರಿ.

ದುಡ್ಡು ಯಾರಿಗೆ, ಎಲ್ಲಿ ಕೊಡಬೇಕು ಅನ್ನುವುದು ಹಾಳೆಯಲ್ಲಿ ಇರಲೇಬೇಕು: ಹೆಸರು, ಫೋನ್ ನಂಬರ್, ವಿಳಾಸ. ಕೈಯಲ್ಲೇ ಕೊಡಬಹುದಾದರೆ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ ಅನ್ನುವುದೂ ಬೇಕು. ಬೆಂಗಳೂರಿಗೆ ಬಂದುಬಿಟ್ಟ ಮಾಲೀಕರು ಇಲ್ಲಿ ಜಯನಗರದ ವಿಳಾಸ ಬರೆದು ಪೇಚಿಗೆ ಸಿಕ್ಕಿದ್ದನ್ನು ನೋಡಿದ್ದೇನೆ. ಮೂರು ದಿನದಲ್ಲಿ ಜಯನಗರಕ್ಕೆ ಬಂದು ಬಾಡಿಗೆ ಕೊಡಲು ಯಾರಿಂದ ಸಾಧ್ಯ? ಅಲ್ಲೇ ಇರುವ ಪ್ರಾಪರ್ಟಿ ಮ್ಯಾನೇಜರ್ ಒಬ್ಬರನ್ನು ನೇಮಿಸಿಕೊಳ್ಳಿ. ಬಾಡಿಗೆಯಲ್ಲಿ ಸ್ವಲ್ಪ ಹೋಗುತ್ತದೆ, ಹೋಗಲಿ. ಆದರೆ ನೆನಪಿರಲಿ, ನಿಮ್ಮ ಪರವಾಗಿ ಕೋರ್ಟಿನಲ್ಲಿ ವಾದ ಮಾಡಲು ಮ್ಯಾನೇಜರ್‌ಗೆ ಆಗುವುದಿಲ್ಲ.

ಹಾಳೆ ತಲುಪಿಸುವ ಕ್ರಮವೂ ಮುಖ್ಯ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದರೆ ನೋಟಿಸ್ ಕೊಟ್ಟ ಹಾಗಲ್ಲ, ಇಮೇಲ್ ಕಳಿಸಿದರೂ ಅಲ್ಲ. ಬಾಡಿಗೆದಾರರ ಕೈಗೇ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಅವರು ಮನೆಯಲ್ಲೂ ಇಲ್ಲ, ಕೆಲಸದ ಜಾಗದಲ್ಲೂ ಸಿಗಲಿಲ್ಲ ಅಂದರೆ ಅಲ್ಲಿರುವ ತಿಳಿವಳಿಕೆಯ ವಯಸ್ಸಿನ ಒಬ್ಬರ ಕೈಗೆ ಕೊಟ್ಟು, ಇನ್ನೊಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಕು. ಯಾರೂ ಸಿಗದಿದ್ದರೆ ಬಾಗಿಲಿಗೆ ಅಂಟಿಸಿ, ಅಂಚೆಯಲ್ಲೂ ಕಳಿಸಬೇಕು. ಕೊಟ್ಟವರು ಯಾವಾಗ, ಹೇಗೆ, ಯಾರಿಗೆ ಕೊಟ್ಟೆ ಅಂತ ಬರೆದು ಸಹಿ ಹಾಕಬೇಕು. ಮಾಲೀಕರೇ ಕೊಡಬಹುದು, ಆದರೆ ನನ್ನ ಸಲಹೆ ಬೇಡ ಅಂತಲೇ. ಬಾಗಿಲಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ಇದನ್ನೇ ಕೆಲಸವಾಗಿ ಮಾಡುವವರಿದ್ದಾರೆ, ಅವರಿಗೆ ಕೊಡಿ. ಸ್ಯಾನ್ ಹೋಸೆ, ಮೌಂಟನ್ ವ್ಯೂನಲ್ಲಿ ಊರಿನ ಕಾನೂನಿಗೆ ಬರುವ ಮನೆಯಾದರೆ ನೋಟಿಸ್‌ನ ಪ್ರತಿ ಊರಿನ ಆಡಳಿತಕ್ಕೂ ಹೋಗಬೇಕು. ಅದೇ ದಿನ ಕಳಿಸಿಬಿಡಿ.

ಇನ್ನು ಇಂಟರ್‌ನೆಟ್‌ನಲ್ಲಿ ಬಿಟ್ಟಿ ಸಿಗುವ ನೋಟಿಸ್ ಮಾದರಿಗಳು. ಅವುಗಳಲ್ಲಿ ಎಷ್ಟೋ ಬೇರೆ ರಾಜ್ಯದವು. ಕೆಲವು ಕ್ಯಾಲಿಫೋರ್ನಿಯಾದ್ದೇ ಆದರೂ ಹಳೆಯವು: ವಾರದ ಕೊನೆಯ ದಿನಗಳನ್ನೂ ಲೆಕ್ಕಕ್ಕೆ ಸೇರಿಸುತ್ತವೆ, ಲೇಟ್ ಫೀಗೆ ಒಂದು ಖಾಲಿ ಜಾಗವನ್ನೂ ಬಿಟ್ಟಿರುತ್ತವೆ. ಜಾಗ ಇದೆ ಅಂತ ಜನ ತುಂಬುತ್ತಾರೆ. ಅವನ್ನು ಮುಟ್ಟಬೇಡಿ. ಒಬ್ಬ ಲಾಯರ್‌ಗೆ ದುಡ್ಡು ಕೊಟ್ಟು ಈ ಒಂದು ಹಾಳೆಯನ್ನು ಓದಿಸಿ. ಇಡೀ ಕೇಸಿನಲ್ಲಿ ನೀವು ಮಾಡುವ ಅತಿ ಒಳ್ಳೆಯ ಖರ್ಚು ಅದು.

ಚೆಕ್ ಯಾಕೆ ಅಂದೆ? ನೋಟಿಸ್ ಕೊಟ್ಟ ಎರಡನೇ ದಿನ ರಾತ್ರಿ ಬಾಡಿಗೆದಾರರು ಝೆಲ್‌ನಲ್ಲಿ (ಖಾತೆಯಿಂದ ಖಾತೆಗೆ ತಕ್ಷಣ ದುಡ್ಡು ಕಳಿಸುವ ವ್ಯವಸ್ಥೆ) 500 ಡಾಲರ್ ಕಳಿಸಿಬಿಟ್ಟರು ಅಂದುಕೊಳ್ಳಿ. ನೀವು ನಿದ್ದೆಯಲ್ಲಿದ್ದಾಗಲೇ ನಿಮ್ಮ ಖಾತೆಗೆ ಬಂದು ಕೂತಿರುತ್ತದೆ. ಅದನ್ನು ಇಟ್ಟುಕೊಂಡರೆ ನೋಟಿಸ್‌ನಲ್ಲಿ ಬರೆದ ಮೊತ್ತ ತಪ್ಪಾಗುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡಬೇಕು. ಚೆಕ್ ಆದರೆ ಬ್ಯಾಂಕಿಗೆ ಹಾಕದೆ ಹಿಂದಕ್ಕೆ ಕೊಡಬಹುದು. ಅರ್ಧ ದುಡ್ಡು ಬಂದರೆ ಎರಡೇ ದಾರಿ. ತಕ್ಷಣ ಬರೆದು ತಿಳಿಸಿ ವಾಪಸ್ ಮಾಡಿ, ಇಲ್ಲವೇ ತೆಗೆದುಕೊಂಡು ಉಳಿದ ಬಾಕಿಗೆ ಹೊಸ ನೋಟಿಸ್ ಕೊಡಿ. ಮೂರು ದಿನದೊಳಗೆ ಪೂರ್ತಿ ಬಾಡಿಗೆ ಬಂದರೆ ತೆಗೆದುಕೊಳ್ಳಲೇಬೇಕು. ಅಲ್ಲಿಗೆ ವಿಷಯ ಮುಗಿಯಿತು.

ಕೋರ್ಟು

ಮನೆ ಖಾಲಿ ಮಾಡಿಸುವ ಕೇಸಿಗೆ ಯುಡಿ-100 ಅನ್ನುವ ಅರ್ಜಿ ಹಾಕಬೇಕು. ಶುಲ್ಕ ಬಾಕಿ ಮೊತ್ತದ ಮೇಲೆ, ಸುಮಾರು 240ರಿಂದ 435 ಡಾಲರ್. ಸಮನ್ಸ್ ಅನ್ನು ಮಾತ್ರ ಮಾಲೀಕರು ಕೊಡುವಂತಿಲ್ಲ, ಬೇರೆಯವರೇ ಕೊಡಬೇಕು. ಉತ್ತರ ಹಾಕಲು ಬಾಡಿಗೆದಾರರಿಗೆ ಮೊದಲು ಕೋರ್ಟಿನ 5 ದಿನ ಇತ್ತು, 2025ರ ಜನವರಿ 1ರಿಂದ 10 ದಿನ ಆಗಿದೆ. ಅವರು ಉತ್ತರ ಹಾಕಿದ ಮೇಲೆ ವಿಚಾರಣೆ ಕೇಳಿದರೆ ಸಾಮಾನ್ಯವಾಗಿ 20 ದಿನದೊಳಗೆ ತಾರೀಕು ಸಿಗುತ್ತದೆ. ಅಲ್ಲಿ ‘ಬಿಸಿನೀರು ಬರುತ್ತಿರಲಿಲ್ಲ, ಸೋರುತ್ತಿತ್ತು, ಹೇಳಿದರೂ ಸರಿ ಮಾಡಿಸಲಿಲ್ಲ’ ಅನ್ನುವ ಮಾತು ಬಂದೇ ಬರುತ್ತದೆ. ರಿಪೇರಿ ಮಾಡಿಸಿದ ರಸೀದಿಗಳನ್ನು ತಾರೀಕಿನ ಪ್ರಕಾರ ಜೋಡಿಸಿಕೊಂಡು ಹೋಗಿ. ನಿಜವಾಗಿಯೂ ಸೋರುತ್ತಿದ್ದರೆ ಕೋರ್ಟಿಗೆ ಮೊದಲು ಪ್ಲಂಬರ್‌ನನ್ನು ಕರೆಸಿ. 2026ರ ಜನವರಿ 1ರಿಂದ ಮಾಡುವ ಕರಾರುಗಳಲ್ಲಿ ಕೆಲಸ ಮಾಡುವ ಒಲೆ ಮತ್ತು ಫ್ರಿಜ್ ಕೊಡುವುದೂ ಮಾಲೀಕರ ಹೊಣೆ.

ತೀರ್ಪು ಬಂದ ಮೇಲೆ

ಗೆದ್ದರೂ ಬಾಗಿಲು ತೆರೆಸುವ ಅಧಿಕಾರ ಕೌಂಟಿಯ ಪೊಲೀಸ್ ಮುಖ್ಯಸ್ಥರಾದ ಶೆರಿಫ್‌ಗೆ ಮಾತ್ರ. ಅವರ ಕಡೆಯವರು ಬಂದು ಬಾಗಿಲಿಗೆ ಐದು ದಿನದ ನೋಟಿಸ್ ಅಂಟಿಸುತ್ತಾರೆ. ಆಮೇಲೆ ಹೇಳಿದ ದಿನ ಬಂದು ಮನೆ ಬಿಡಿಸಿಕೊಡುತ್ತಾರೆ. ಬೀಗದವನನ್ನು ನೀವು ಜೊತೆಗೆ ಕರೆದುಕೊಂಡು ಹೋಗಿರಬೇಕು.

ಒಳಗೆ ಸಾಮಾನು ಉಳಿದಿರುತ್ತದೆ. ಅಕ್ಕಿ ಕುಕ್ಕರ್, ಮಗುವಿನ ಸೈಕಲ್, ದೇವರ ಫೋಟೊ, ಅಂಕಪಟ್ಟಿಗಳ ಫೈಲ್. ಕಸದ ಡಬ್ಬಿಗೆ ಹಾಕಬೇಡಿ, ಹಾಕುವಂತೆಯೂ ಇಲ್ಲ. ಒಂದೊಂದರದ್ದೂ ಫೋಟೊ ತೆಗೆದು, ಪಟ್ಟಿ ಮಾಡಿ, ಒಣಗಿದ ಜಾಗದಲ್ಲಿ 15 ದಿನ ಇಟ್ಟಿರಬೇಕು. ಕೇಳಿಕೊಂಡು ಬಂದರೆ ಕೊಡಬೇಕು. ಪಾಸ್‌ಪೋರ್ಟು, ಅಂಕಪಟ್ಟಿ, ಫೋಟೊ ಆಲ್ಬಂ ಕಂಡರೆ ಅವರು ಕೇಳುವ ತನಕ ಕಾಯದೆ ನೀವೇ ಫೋನ್ ಮಾಡಿ ತಲುಪಿಸಿ. ಡಿಪಾಸಿಟ್‌ನ ಲೆಕ್ಕವೂ ಬಾಕಿ ಇದೆ. ಕೇಸು ಗೆದ್ದಿದ್ದರೂ, ಏನೇನು ಮುರಿದುಕೊಂಡಿರಿ ಅಂತ ಬಿಡಿಬಿಡಿಯಾಗಿ ಬರೆದು, ಮನೆ ಖಾಲಿಯಾದ 21 ದಿನದೊಳಗೆ ಅವರಿಗೆ ಕಳಿಸಬೇಕು.