ಹಳೆಯ ಮ್ಯಾಕ್ ಲಾರಿಗೆ ಏರ್ ಸಸ್ಪೆನ್ಷನ್ ಕೂರಿಸುವುದು ಹೇಗೆ?

ಅಮೆರಿಕದ ಮ್ಯಾಕ್ ಕಂಪನಿ 1953ರಿಂದ 1966ರವರೆಗೆ ಬಿ ಸರಣಿಯ ಲಾರಿಗಳನ್ನು ತಯಾರಿಸಿತು. ದುಂಡನೆಯ ಮೂತಿ, ಬಾನೆಟ್ ತುದಿಯಲ್ಲಿ ಬುಲ್‌ಡಾಗ್. ಅದರಲ್ಲೂ ಬಿ-61 ಅಂದರೆ ಅಲ್ಲಿನ ಹಳೇ ಲಾರಿ ಪ್ರಿಯರಿಗೆ ಪ್ರಾಣ. ಇವತ್ತಿಗೂ ರಿಪೇರಿ ಮಾಡಿ ಓಡಿಸುತ್ತಾರೆ. ತೊಂದರೆ ಇರುವುದು ಹಿಂದಿನ ಬ್ಲೇಡ್ ಸೆಟ್‌ನಲ್ಲಿ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್‌ನಲ್ಲಿ. ಅದನ್ನು ಕಟ್ಟಿರುವುದೇ ಟನ್‌ಗಟ್ಟಲೆ ಲೋಡಿಗೆ. ಟ್ರೇಲರ್ ಬಿಚ್ಚಿಟ್ಟು ಖಾಲಿ ಓಡಿಸಿದರೆ ಸೊಂಟ ಉಳಿಯುವುದಿಲ್ಲ. ಹಾಗಾಗಿ ಹಿಂದಿನ ಆಕ್ಸಲ್‌ಗೆ ಏರ್ ಸಸ್ಪೆನ್ಷನ್, ಅಂದರೆ ಬ್ಲೇಡ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು ಭಾರ ಹೊರುವ ವ್ಯವಸ್ಥೆ, ಹಾಕಿಕೊಳ್ಳುವವರಿದ್ದಾರೆ.

ಹಳೇ ಗಾಡಿಗೆ ಹೊಸ ಕಾಲದ ಸಾಮಾನು ಯಾಕೆ ಅನ್ನಬೇಡಿ. ಬಿ ಸರಣಿ ಬಂದ 1953ರಲ್ಲೇ ಜನರಲ್ ಮೋಟರ್ಸ್‌ನ ಪಿಡಿ-4104 ಬಸ್ಸು ಗಾಳಿಯ ಮೇಲೆ ಓಡುತ್ತಿತ್ತು. ಬೆಂಗಳೂರಿನಲ್ಲಿ ಬಿಎಂಟಿಸಿಯ ವೋಲ್ವೊ ಬಸ್ಸು ಸ್ಟಾಪಿನಲ್ಲಿ 'ಉಸ್' ಅಂತ ಒಂದು ಪಕ್ಕಕ್ಕೆ ತಗ್ಗುವುದನ್ನು ನೋಡಿದ್ದೀರಲ್ವಾ? ಅದೇ ತತ್ವ.

ಮೊದಲು ಇದು ಗೊತ್ತಿರಲಿ

ಬ್ಲೇಡ್ ಸೆಟ್ ಬರೀ ಭಾರ ಹೊರುವುದಿಲ್ಲ. ಆಕ್ಸಲ್ ಹಿಂದೆ ಮುಂದೆ ಜರುಗದಂತೆ ಹಿಡಿಯುತ್ತದೆ. ಪಕ್ಕಕ್ಕೆ ಸರಿಯದಂತೆ ತಡೆಯುತ್ತದೆ. ಬ್ರೇಕ್ ಒತ್ತಿದಾಗ, ಎಳೆತ ಬಿದ್ದಾಗ ಹೌಸಿಂಗ್ (ಆಕ್ಸಲ್‌ನ ಉಕ್ಕಿನ ಕವಚ) ತಿರುಚಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಗಾಳಿ ತುಂಬುವ ರಬ್ಬರಿನ ಚೀಲ, ಅಂದರೆ ಬೆಲ್ಲೊ, ಭಾರ ಹೊರುತ್ತದೆ, ಅಷ್ಟೇ. ಉಳಿದ ಕೆಲಸಗಳಿಗೆಲ್ಲ ಆರ್ಮ್, ರಾಡ್, ಬ್ರಾಕೆಟ್ ನೀವೇ ಕೊಡಬೇಕು. ಬೆಲ್ಲೊ ಆರಿಸುವುದಕ್ಕೆ ವಾರಗಟ್ಟಲೆ ತಲೆ ಕೆಡಿಸಿಕೊಂಡು, ಆರ್ಮ್ ಬ್ರಾಕೆಟ್ಟನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುವವರ ಕೆಲಸ ಬಾಳಿಕೆ ಬರುವುದಿಲ್ಲ.

ಮುಂದಿನ ಆಕ್ಸಲ್ ತಂಟೆಗೆ ಹೋಗಬೇಡಿ. ಅಲ್ಲಿ ಸ್ಟೀರಿಂಗ್ ಲೆಕ್ಕವೂ ಸೇರಿಕೊಳ್ಳುತ್ತದೆ.

ತೂಕ, ಲೆಕ್ಕ

ಲಾರಿಯನ್ನು ವೇಬ್ರಿಜ್‌ಗೆ ಒಯ್ದು ಹಿಂದಿನ ಆಕ್ಸಲ್ ಮೇಲಿನ ಭಾರವನ್ನು ಬೇರೆಯಾಗಿ ತೂಗಿಸಿ. ಅದರಲ್ಲಿ ಚಕ್ರ, ಡ್ರಮ್, ಹೌಸಿಂಗ್ ತೂಕ ಕಳೆಯಿರಿ. ಉಳಿದದ್ದನ್ನು ಬೆಲ್ಲೊ ಮತ್ತು ಆರ್ಮ್ ಹಂಚಿಕೊಂಡು ಹೊರಬೇಕು.

ಉದಾಹರಣೆಗೆ, ಪೂರ್ತಿ ಲೋಡಿನಲ್ಲಿ ಒಂದು ಪಕ್ಕಕ್ಕೆ 4,000 ಕೆ.ಜಿ. ಬೀಳುತ್ತದೆ ಅಂತಿಟ್ಟುಕೊಳ್ಳಿ. ಆರ್ಮಿನ ಮುಂದಿನ ತುದಿ ಫ್ರೇಮಿಗೆ ಪಿನ್ ಆಗಿದೆ. ಅಲ್ಲಿಂದ ಆಕ್ಸಲ್‌ಗೆ 60 ಸೆಂ.ಮೀ., ಆಕ್ಸಲ್ ಹಿಂದೆ ಇರುವ ಬೆಲ್ಲೊಗೆ 90 ಸೆಂ.ಮೀ. ಆಗ ಬೆಲ್ಲೊ ಮೇಲೆ ಬೀಳುವುದು 4,000 × 60 ÷ 90, ಅಂದರೆ ಸುಮಾರು 2,667 ಕೆ.ಜಿ. ಬೆಲ್ಲೊದ ಕೆಲಸಕ್ಕೆ ಬರುವ ವ್ಯಾಸ 25 ಸೆಂ.ಮೀ. ಆದರೆ ವಿಸ್ತೀರ್ಣ 491 ಚದರ ಸೆಂ.ಮೀ. ಭಾಗಿಸಿದರೆ ಚದರ ಸೆಂ.ಮೀ.ಗೆ ಸುಮಾರು 5.43 ಕೆ.ಜಿ., ಅಂದರೆ ಸುಮಾರು 77 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಬರುತ್ತದೆ. ಖಾಲಿ ಇದ್ದಾಗ ಪಕ್ಕಕ್ಕೆ 1,200 ಕೆ.ಜಿ. ಆದರೆ 23 ಪಿಎಸ್‌ಐ ಸಾಕು. ಪೂರ್ತಿ ಲೋಡಿನಲ್ಲೂ 100 ಪಿಎಸ್‌ಐ ದಾಟದ ಬೆಲ್ಲೊ ಆರಿಸಿ. ಹೊರಗಿನ ವ್ಯಾಸ ಅಳೆದು ಲೆಕ್ಕ ಹಾಕಬೇಡಿ, ತಯಾರಕರ ಚಾರ್ಟ್ ನೋಡಿ. ಎತ್ತರ ಬದಲಾದರೆ ಬೆಲ್ಲೊ ಹೊರುವ ಭಾರವೂ ಬದಲಾಗುತ್ತದೆ.

ಮಿಕ್ಕ 1,333 ಕೆ.ಜಿ. ಎಲ್ಲಿ ಹೋಯಿತು? ಆರ್ಮಿನ ಮುಂದಿನ ಪಿನ್ ಮೇಲೆ. ಬ್ರೇಕಿನ ಹೊಡೆತವೂ ಅಲ್ಲಿಗೇ ಬರುತ್ತದೆ. ಆ ಬ್ರಾಕೆಟ್ ತೆಳು ಪ್ಲೇಟಿನದ್ದಾದರೆ ಬಿರುಕು ಬಿಡುವುದು ಖಂಡಿತ. ಗುಜರಿಗೆ ಬಂದ ಹೊಸ ಲಾರಿಯಿಂದ ಅಷ್ಟೇ ಭಾರ ಹೊರುವ ಹೆಂಡ್ರಿಕ್ಸನ್ ಅಥವಾ ನ್ಯೂವೇ ಕಂಪನಿಯ ಏರ್ ಸಸ್ಪೆನ್ಷನ್ ಸೆಟ್ ಬ್ರಾಕೆಟ್ ಸಮೇತ ಸಿಕ್ಕರೆ, ನನ್ನ ಪ್ರಕಾರ ಅದೇ ಒಳ್ಳೇದು. ಫ್ರೇಮಿನ ಅಗಲ ಹೊಂದುತ್ತದಾ ಅಂತ ಮಾತ್ರ ಮೊದಲೇ ಅಳೆದುಕೊಳ್ಳಿ.

ಬಿಚ್ಚುವ ಮುಂಚೆ

ಲಾರಿ ಸಮತಟ್ಟು ನೆಲದ ಮೇಲಿರಲಿ. ಫ್ರೇಮಿನ ಎತ್ತರ, ಆಕ್ಸಲ್‌ನ ಮಧ್ಯ ಫ್ರೇಮಿನ ಯಾವ ಜಾಗಕ್ಕೆ ಬರುತ್ತದೆ, ಪಿನಿಯನ್ (ಆಕ್ಸಲ್ ಒಳಗೆ ಪ್ರೊಪೆಲ್ಲರ್ ಶಾಫ್ಟ್ ತಿರುಗಿಸುವ ಗೇರ್) ಎಷ್ಟು ಡಿಗ್ರಿ ವಾಲಿದೆ, ಎಲ್ಲ ಬರೆದಿಟ್ಟುಕೊಳ್ಳಿ. ಗೇರ್‌ಬಾಕ್ಸಿನಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಜಾಯಿಂಟ್ ಕೋನಗಳು ಹೆಚ್ಚೂ ಕಡಿಮೆ ಸಮ ಇರಬೇಕು. ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಕ್ಯಾಬಿನ್ ನಡುಗಲು ಶುರುವಾಗುತ್ತದೆ, ಜಾಯಿಂಟ್ ಬೇಗ ಸವೆಯುತ್ತದೆ.

ಹಳೆಯ ಬ್ರಾಕೆಟ್‌ಗಳಿಗೆ ರಿವೆಟ್ ಹೊಡೆದಿರುತ್ತಾರೆ. ಗ್ಯಾಸ್ ಕಟಿಂಗ್ ಬೇಡ, ಫ್ರೇಮಿಗೆ ಶಾಖ ತಾಗುತ್ತದೆ. ರಿವೆಟ್ ತಲೆಯ ನಟ್ಟನಡುವೆ ಪಂಚ್ ಗುರುತು ಹಾಕಿ, ಸಣ್ಣ ಬಿಟ್‌ನಿಂದ ಶುರು ಮಾಡಿ, ಆಮೇಲೆ ದೊಡ್ಡದರಿಂದ ಕೊರೆಯಿರಿ. ಚಾಣದಿಂದ ತಲೆ ಹಾರಿಸಿ, ಉಳಿದ ಬುಡವನ್ನು ಪಂಚ್‌ನಿಂದ ಹೊಡೆದು ತೆಗೆಯಿರಿ. ನಿಧಾನದ ಕೆಲಸ. ಆದರೆ ತೂತು ಹಾಳಾಗದೆ ಉಳಿದರೆ ಅದೇ ತೂತಿಗೆ ಹೊಸ ಬೋಲ್ಟ್ ಕೂರುತ್ತದೆ. ಮುಂದೊಂದು ದಿನ ಹಳೇ ಬ್ಲೇಡ್ ಸೆಟ್ ವಾಪಸ್ ಹಾಕಬೇಕು ಅನಿಸಿದರೂ ದಾರಿ ಇರುತ್ತದೆ. ಇಂಥ ಗಾಡಿಗೆ ಅದು ದೊಡ್ಡ ವಿಷಯ.

ಕೂರಿಸುವುದು

ಹೊಸ ತೂತು ಬೇಕೇ ಬೇಕಾದರೆ ಫ್ರೇಮಿನ ನಿಂತ ಭಾಗದಲ್ಲಿ ಮಾತ್ರ ಕೊರೆಯಿರಿ. ಮೇಲಿನ, ಕೆಳಗಿನ ಮಡಿಕೆಗೆ ಡ್ರಿಲ್ಲೂ ಬೇಡ, ವೆಲ್ಡಿಂಗೂ ಬೇಡ. ಬೋಲ್ಟ್ 10.9 ದರ್ಜೆಯದ್ದು (ಜಾಸ್ತಿ ಗಟ್ಟಿ ಉಕ್ಕಿನದ್ದು), ಕೆಳಗೆ ಗಟ್ಟಿ ವಾಷರ್. ಆಕ್ಸಲ್ ಕಟ್ಟಲು ಹೊಸ ಯು ಬೋಲ್ಟನ್ನೇ ಬಳಸಿ.

ಆಕ್ಸಲ್ ಪಕ್ಕಕ್ಕೆ ಜರುಗದಂತೆ ಒಂದು ಅಡ್ಡ ರಾಡ್ ಬೇಕು. ಅದು ಆದಷ್ಟು ಉದ್ದವಿರಲಿ, ಲಾರಿ ತನ್ನ ಎತ್ತರದಲ್ಲಿ ನಿಂತಾಗ ನೆಲಕ್ಕೆ ಸಮನಾಗಿರಲಿ. ಗಿಡ್ಡ ರಾಡ್ ಹಾಕಿದರೆ ಪ್ರತಿ ಹಳ್ಳದಲ್ಲೂ ಆಕ್ಸಲ್ ಎಡಬಲ ಓಡಾಡುತ್ತದೆ. ಆಮೇಲೆ ಮೂಲೆಯಿಂದ ಮೂಲೆಗೆ ಅಳೆದು ಆಕ್ಸಲ್ ನೇರವಿದೆಯಾ ನೋಡಿ. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಲಾರಿ ಓಡುವ ಎತ್ತರಕ್ಕೆ ಬಂದ ಮೇಲೆಯೇ ಪೂರ್ತಿ ಬಿಗಿ ಮಾಡಬೇಕು. ನೇತಾಡುವಾಗಲೇ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ.

ಬೆಲ್ಲೊ ಪೂರ್ತಿ ಉಬ್ಬಿದಾಗಲೂ ಸುತ್ತ ಒಂದು ಇಂಚಾದರೂ ಖಾಲಿ ಇರಬೇಕು. ಟೈರ್ ತಾಗಬಾರದು, ಸೈಲೆನ್ಸರ್ ಪೈಪ್ ಹತ್ತಿರ ಬರಬಾರದು. ಶಾಕ್ ಅಬ್ಸಾರ್ಬರ್ ಕಡ್ಡಾಯ. ಕುಲುಕು ತಡೆಯುವುದರ ಜೊತೆಗೆ, ಆಕ್ಸಲ್ ಜಾಸ್ತಿ ಕೆಳಗಿಳಿದು ಬೆಲ್ಲೊ ಕಿತ್ತುಹೋಗದಂತೆ ತಡೆಯುವುದೂ ಅದೇ. ಬಿಗಿ ಮಾಡದ ಬೆಲ್ಲೊಗೆ ಯಾವ ಕಾರಣಕ್ಕೂ ಗಾಳಿ ತುಂಬಬೇಡಿ. ಸಿಡಿದರೆ ಪ್ರಾಣಕ್ಕೇ ಕುತ್ತು.

ಗಾಳಿ: ಬ್ರೇಕಿಗೆ ಮೊದಲು

ಏರ್ ಬ್ರೇಕ್ ಇರುವ ಲಾರಿಯಲ್ಲಿ ಕಂಪ್ರೆಸರ್ ಇದ್ದೇ ಇರುತ್ತದೆ. ಸಸ್ಪೆನ್ಷನ್‌ಗೆ ಬೇರೆ ಟ್ಯಾಂಕ್ ಕೊಟ್ಟು, ನಡುವೆ ಪ್ರೆಷರ್ ಪ್ರೊಟೆಕ್ಷನ್ ವಾಲ್ವ್ ಹಾಕಿ. ಬ್ರೇಕ್ ಟ್ಯಾಂಕಿನಲ್ಲಿ ಕನಿಷ್ಠ 55 ಪಿಎಸ್‌ಐ ಸೇರುವ ತನಕ ಸಸ್ಪೆನ್ಷನ್‌ಗೆ ಗಾಳಿ ಹೋಗಬಾರದು ಅನ್ನುವುದು ಅಮೆರಿಕದ ನಿಯಮ. ಬೆಲ್ಲೊ ಒಡೆದರೂ ಬ್ರೇಕ್ ಉಳಿಯಬೇಕು. ಈ ವಾಲ್ವ್ ಇಲ್ಲದೆ ಗಾಡಿ ರಸ್ತೆಗೆ ಇಳಿಯಲೇಬಾರದು.

ಆಮೇಲೆ ಬರುವುದು ಎತ್ತರ ಕಾಯುವ ಲೆವೆಲಿಂಗ್ ವಾಲ್ವ್. ಇದು ಫ್ರೇಮಿಗೆ, ಇದರ ಕಡ್ಡಿ ಆಕ್ಸಲ್‌ಗೆ. ಲೋಡ್ ಬಿದ್ದು ಫ್ರೇಮ್ ತಗ್ಗಿದರೆ ಬೆಲ್ಲೊಗೆ ಗಾಳಿ ತುಂಬುತ್ತದೆ, ಲೋಡ್ ಇಳಿಸಿದರೆ ಗಾಳಿ ಹೊರಹಾಕುತ್ತದೆ. ಒಂದೇ ಆಕ್ಸಲ್‌ಗೆ ಒಂದೇ ವಾಲ್ವ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಎರಡು ಹಾಕಿ ಹೊಂದಾಣಿಕೆ ತಪ್ಪಿದರೆ ಒಂದು ತುಂಬುತ್ತಿರುತ್ತದೆ, ಇನ್ನೊಂದು ಖಾಲಿ ಮಾಡುತ್ತಿರುತ್ತದೆ. ಹಳೆಯ ಲಾರಿಯಲ್ಲಿ ಏರ್ ಡ್ರೈಯರ್ ಇಲ್ಲದಿದ್ದರೆ ಒಂದು ಸೇರಿಸಿ, ಗಾಳಿಯಲ್ಲಿರುವ ನೀರು ವಾಲ್ವ್‌ಗಳನ್ನು ತಿನ್ನುತ್ತದೆ.

ಪರೀಕ್ಷೆ

ಗಾಳಿ ತುಂಬಿ, ಎಲ್ಲಾ ಜೋಡಣೆಗೂ ಸೋಪು ನೀರು ಬಳಿಯಿರಿ. ಇಂಜಿನ್ ನಿಲ್ಲಿಸಿ 5 ನಿಮಿಷ ಕಾಯಿರಿ. ಅಮೆರಿಕದ ನಿಯಮದಂತೆ ಅಷ್ಟರಲ್ಲಿ 3 ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಕೆಳಗೆ ನುಸುಳಬೇಕಾದರೆ ಮೊದಲು ಫ್ರೇಮಿಗೆ ಸ್ಟ್ಯಾಂಡ್ ಕೊಡಿ. ಬರೀ ಗಾಳಿಯ ಮೇಲೆ ನಿಂತ ಲಾರಿ ಯಾವ ಕ್ಷಣದಲ್ಲಾದರೂ ಕೂರಬಹುದು.

ನಮ್ಮಲ್ಲಿ ಯಾರಾದರೂ ಹಳೇ ಟಾಟಾ, ಲೇಲ್ಯಾಂಡ್‌ಗೆ ಹೀಗೆ ಮಾಡುವ ಯೋಚನೆಯಲ್ಲಿದ್ದರೆ, ಸಾಮಾನು ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಕಡಿವಾಣ ಹಾಕುತ್ತದೆ.

ಮೊದಲ ಓಟ ಖಾಲಿಯಾಗಿ, ನಿಧಾನವಾಗಿ ಇರಲಿ. ವಾಪಸ್ ಬಂದ ಮೇಲೆ ಯು ಬೋಲ್ಟ್, ಬ್ರಾಕೆಟ್ ಬೋಲ್ಟ್ ಎಲ್ಲವನ್ನೂ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ಮಾಡಿ. ಬೆಲ್ಲೊ ಮೈಮೇಲೆ ಉಜ್ಜಿದ ಗುರುತು ಇದೆಯಾ ಅಂತ ಕೈಯಾಡಿಸಿ ನೋಡಿ. ಲೋಡ್ ಹಾಕುವುದು ಅದಾದ ಮೇಲೆ.